ಪಾಲಿಶ್ ಮಾಮನ ಮಡಿಲಲ್ಲಿ ಶೆಲ್ಲು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಲ್ಲೆಲ್ಲ ಎರಡೆರಡು ಸಲ ಅಳಿಸಿ ಬರೆದಿದ್ದೇನೆ, ಕಾಗದ ಅಲ್ಲಲ್ಲಿ ತೆಳ್ಳಗಾಗಿದೆ. ದೊಡ್ಡ ದೊಡ್ಡ ಪದಗಳೂ ಬರುವುದಿಲ್ಲ. ಇದು ನನ್ನ ಸೋದರಮಾವನ ಕತೆ. ಆ ದಿನ ನಾನು ಅಲ್ಲಿರಲಿಲ್ಲ. ಅವರು ಮತ್ತು ಅತ್ತೆ ಹೇಳಿದ್ದನ್ನು ಬರೆದುಕೊಂಡು, ಇಬ್ಬರಿಗೂ ಓದಿ ಹೇಳಿ, ತಪ್ಪು ಅಂದಲ್ಲಿ ತಿದ್ದಿದ್ದೇನೆ.

ಎಲ್ಲರೂ ಅವರನ್ನು ಪಾಲಿಶ್ ಮಾಮ ಅನ್ನುತ್ತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಒಳಗೆ ಒಂದು ಮೋಟಾರು, ಅದರ ಎರಡು ತುದಿಗೂ ಬಟ್ಟೆಯ ಚಕ್ರ, ಪಕ್ಕದಲ್ಲಿ ಒಂದು ಮೋಟು ಸ್ಟೂಲು. ಹಿತ್ತಾಳೆಯ ಬಾಗಿಲ ಹಿಡಿ, ದೀಪದ ಕಂಬ, ಪಂದ್ಯದಲ್ಲಿ ಗೆದ್ದ ಕಪ್ಪು, ಹೀಗೆ ಕರ್ರಗಾಗಿ ಬಂದದ್ದೆಲ್ಲ ಮುಖ ಕಾಣುವ ಹಾಗಾಗಿ ವಾಪಸು ಹೋಗುತ್ತದೆ. ಮೂವತ್ತೊಂದು ವರ್ಷದ ಕೆಲಸ. ಉಗುರಿನ ಸಂದಿಯ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲವಂತೆ.

ಮಾಮ ಪುಕ್ಕಲು. ಹೀಗೆ ಬರೆಯಬಹುದು ಎಂದು ಅವರೇ ಒಪ್ಪಿದ್ದಾರೆ. ನಾಯಿ ಕಂಡರೆ ಬೇರೆ ಓಣಿ ಹಿಡಿಯುತ್ತಾರೆ. ಲಿಫ್ಟು ಹತ್ತುವುದಿಲ್ಲ. ಅತ್ತೆ ಒಳಗೆ ಗ್ಯಾಸ್ ಸಿಲಿಂಡರ್ ಬದಲಿಸುತ್ತಿದ್ದರೆ ಇವರು ಬೀದಿಯಲ್ಲಿ ನಿಂತಿರುತ್ತಾರೆ. "ನನ್ನ ಗಂಡ ಸಿಂಹವೇ. ಆದ್ರೆ ಬಾಗಿಲ ಹಿಡಿ ಮೇಲೆ ಕೆತ್ತಿರ್ತಾರಲ್ಲ, ಆ ಸಿಂಹ" ಅನ್ನುತ್ತಾರೆ ಅತ್ತೆ.

ಈ ಭಯದಿಂದಲೇ ಅವರಿಗೊಂದು ಪದ್ಧತಿ ಬೆಳೆದಿತ್ತು. ಯಾವ ವಸ್ತುವನ್ನೂ ತಟ್ಟಿ ನೋಡದೆ ಚಕ್ರಕ್ಕೆ ಕೊಡುತ್ತಿರಲಿಲ್ಲ. ಕೆಲವರು ದೀಪದ ಕಂಬ ಬೀಳದಿರಲಿ ಎಂದು ಒಳಗೆ ಡಾಂಬರು ತುಂಬಿರುತ್ತಾರೆ. ಚಕ್ರಕ್ಕೆ ಹಿಡಿದರೆ ಹಿತ್ತಾಳೆ ಕೈಸುಡುವಷ್ಟು ಕಾಯುತ್ತದೆ, ಡಾಂಬರು ಕರಗಿ ಸಂದಿಯಿಂದ ಸಿಡಿಯುತ್ತದೆ. ಹೀಗೆ ಒಮ್ಮೆ ಮಾಮನ ಮೊಣಕೈ ಬೆಂದಿತ್ತು. ಅಂದಿನಿಂದ ಮರದ ಹಿಡಿಯಿಂದ ನಾಲ್ಕೂ ಕಡೆ ತಟ್ಟುವುದು. ಠಣ್ ಎಂದರೆ ಖಾಲಿ. ದಬ್ ಎಂದರೆ ಒಳಗೇನೋ ಇದೆ, ಎತ್ತಿಡು.

ಅಂಗಡಿಯ ಮೇಲೊಂದು ಮರದ ನೆಲದ ಕೋಣೆ. ಅಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಯುದ್ಧದ ಸಂಘ ಸೇರುತ್ತದೆ. ಯುದ್ಧ ಮಾಡುವವರಲ್ಲ, ಯುದ್ಧದ ಇತಿಹಾಸ ಓದುವವರು. ಹನ್ನೊಂದು ಜನ. ಅವರ ಮುಂದಾಳು ಒಬ್ಬ ನಿವೃತ್ತ ಸರ್ವೆಯರು. ಒಬ್ಬರು ಲೈಬ್ರರಿಯ ಮೇಡಂ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಒಂಬತ್ತು ವರ್ಷದಿಂದ ಅವರ ಜಗಳ ಒಂದೇ, ಎಲ್ಲಕ್ಕಿಂತ ಸ್ವಾರಸ್ಯದ ಯುದ್ಧ ಯಾವುದು ಅಂತ. ಸರ್ವೆಯರಿಗೆ ಕ್ಯಾನೆ ಬಿಟ್ಟರೆ ಇಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಹ್ಯಾನಿಬಲ್ ತನ್ನ ಚಿಕ್ಕ ಸೈನ್ಯದಿಂದ ರೋಮಿನ ದೊಡ್ಡ ಸೈನ್ಯವನ್ನು ಹೇಗೆ ಸುತ್ತುವರಿದ ಎಂದು ಔಷಧಿ ಬಾಟಲಿಗಳನ್ನು ಜೋಡಿಸಿ ತೋರಿಸುತ್ತಾರೆ. ಮೇಡಂಗೆ ಸ್ಟಾಲಿನ್‌ಗ್ರಾಡ್, ಒಂದೇ ಕಟ್ಟಡದಲ್ಲಿ ಅಡುಗೆಮನೆಯಲ್ಲಿ ಒಂದು ಸೈನ್ಯ, ನಡುಮನೆಯಲ್ಲಿ ಇನ್ನೊಂದು ಇದ್ದುಕೊಂಡು ಕಾದಾಡಿದ್ದು. ಡಾಕ್ಟರಿಗೆ ವಾಟರ್ಲೂ, ಕೆಸರಿನಿಂದ ಫಿರಂಗಿಗಳು ತಡವಾಗಿ ಸೋತ ಯುದ್ಧ. "ಹಿಂದಿನ ರಾತ್ರಿ ಮಳೆ ಬರದೇ ಇದ್ದಿದ್ರೆ!" ಎಂದು ಮೇಜು ಗುದ್ದುತ್ತಾರೆ. ಗುದ್ದಿದಾಗಲೆಲ್ಲ ಕೆಳಗೆ ಮಾಮನ ತಲೆಯ ಮೇಲೆ ಧೂಳು. ಪಕ್ಕದ ಮನೆಯ ರೇಡಿಯೋ ಕೇಳಿ ಕೇಳಿ ಹಾಡು ಬಾಯಿಗೆ ಬರುವ ಹಾಗೆ ಮಾಮನಿಗೂ ಈ ಯುದ್ಧಗಳೆಲ್ಲ ಬಾಯಿಪಾಠ.

ಆ ಭಾನುವಾರ ಡಾಕ್ಟರು ಒಂದು ಚೀಲ ಹಿಡಿದು ಬಂದರು. ಒಳಗೆ ಒಂದು ಫಿರಂಗಿ ಶೆಲ್ಲು. ಕೆಳಗೆ ಹಿತ್ತಾಳೆಯ ಕೊಳವೆ, ಮೇಲೆ ಉಕ್ಕಿನ ಮೂತಿ. ಮೊಳಕ್ಕಿಂತ ಚಿಕ್ಕದು, ಆಗ ತಾನೇ ಹುಟ್ಟಿದ ಕೂಸಿನಷ್ಟು ಭಾರ.

"ಮೊದಲ ಮಹಾಯುದ್ಧದ್ದು. ನಮ್ಮ ಮಾವನವರ ಮನೇಲಿ ನಲವತ್ತು ವರ್ಷ ಬಾಗಿಲಿಗೆ ಅಡ್ಡ ಇಟ್ಟಿದ್ರು. ಮಕ್ಕಳು ಇದರ ಮೇಲೆ ಕಾಲಿಟ್ಟು ಆಡ್ತಿದ್ವು. ಐದು ಗಂಟೆಗೆ ಮಹಡೀಲಿ ಎಲ್ಲರಿಗೂ ತೋರಿಸ್ಬೇಕು, ಫಳಫಳ ಅನ್ನಿಸಿಬಿಡಿ."

"ಒಳಗೆ..."

"ಖಾಲಿ, ಖಾಲಿ. ಅಷ್ಟೂ ಗೊತ್ತಿಲ್ವಾ ನನಗೆ?"

ಎರಡು ವರ್ಷದ ಹಿಂದೆ ಮಾಮನ ದವಡೆ ಹಲ್ಲು ಕಿತ್ತವರು ಈ ಡಾಕ್ಟರೇ. ಬಾಯೊಳಗೆ ಕೈ ಹಾಕಲು ಬಿಟ್ಟಮೇಲೆ ಮಾತು ನಂಬದಿದ್ದರೆ ಹೇಗೆ? ಅವರ ಎದುರಿಗೇ ತಟ್ಟಿ ನೋಡಿದರೆ ನೀವು ಹೇಳಿದ್ದು ಸುಳ್ಳು ಅಂದ ಹಾಗಾಗುತ್ತದೆ. ಮಾಮನಿಗೆ ಸಂಕೋಚ. ತಟ್ಟಲಿಲ್ಲ. ಡಾಕ್ಟರು ಮೆಟ್ಟಿಲು ಹತ್ತಿ ಹೋದರು. ಮಾಮ ಸ್ಟೂಲಿನ ಮೇಲೆ ಕೂತು ಮೋಟಾರು ಹಾಕಿದರು.

ಕಾಲು ಗಂಟೆ ಉಜ್ಜಿದರು. ಕರಿ ಹೋಗಿ ಕೆಂಪು ಬಂತು, ಕೆಂಪು ಹೋಗಿ ಹಳದಿ ಬಂತು. ಕೊಳವೆ ಕೈಗವಸಿನೊಳಗೂ ಚುರುಗುಟ್ಟುವಷ್ಟು ಕಾದಿತ್ತು. ತಿರುಗಿಸಿ ಹಿಡಿಯಲು ಮೋಟಾರು ನಿಲ್ಲಿಸಿದರು. ಶೆಲ್ಲನ್ನು ಮಡಿಲಲ್ಲಿ ಮಲಗಿಸಿದರು. ಡಾಕ್ಟರು ಎದುರಿಗಿಲ್ಲ. ಕೈ ತನ್ನ ಪಾಡಿಗೆ ತಾನೇ ಮರದ ಹಿಡಿ ಎತ್ತಿಕೊಂಡು ಒಂದು ಸಲ ತಟ್ಟಿತು.

ದಬ್.

ಇನ್ನೊಂದು ಸಲ ತಟ್ಟಿ ನೋಡುವ ಧೈರ್ಯ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ಡಾಂಬರು ತುಂಬಿದ್ದರೂ ಹೀಗೇ ದಬ್ ಎನ್ನುತ್ತದೆ, ಮರಳು ತುಂಬಿದ್ದರೂ ಅನ್ನುತ್ತದೆ. ಆದರೆ ಫಿರಂಗಿಯ ಶೆಲ್ಲಿನೊಳಗೆ ಯಾರು ಡಾಂಬರು ತುಂಬುತ್ತಾರೆ?

ಕೆಳಗಿಡೋಣವೆಂದರೆ ಕಲ್ಲಿನ ನೆಲ. ಕೈ ನಡುಗುತ್ತಿದೆ, ಟಕ್ ಎಂದರೆ? ಪಕ್ಕದಲ್ಲಿ ಮರದ ಹೊಟ್ಟಿನ ತಟ್ಟೆ ಇದೆ, ಆದರೆ ಹೊಟ್ಟಿನಲ್ಲಿಟ್ಟರೆ ಶೆಲ್ಲಿನ ಬಿಸಿ ಆರುವುದಿಲ್ಲ. ಎದ್ದು ಓಡೋಣವೆಂದರೆ ಶೆಲ್ಲು ಮಡಿಲಿನಿಂದ ಜಾರುತ್ತದೆ. ಕೂಗಿಕೊಂಡರೆ ಹನ್ನೊಂದು ಜನ ಆ ಮರದ ಮೆಟ್ಟಿಲ ಮೇಲೆ ಧಡಧಡ ಇಳಿಯುತ್ತಾರೆ. ಮೆಟ್ಟಿಲು ಇಳಿಯುವುದು ಅಂಗಡಿಯೊಳಕ್ಕೇ. ಬೇರೆ ದಾರಿ ಇಲ್ಲ.

ಮೇಲೆ ಯಾರೋ ಮೇಜು ಗುದ್ದಿದರು. ಧೂಳು ಉದುರಿತು. "ಮಳೆ ಬರದೇ ಇದ್ದಿದ್ರೆ!" ಮತ್ತೆ ಗುದ್ದು. ಒಂದೊಂದು ಗುದ್ದಿಗೂ ಮಾಮ ಕಣ್ಣು ಮುಚ್ಚಿ ತೆರೆದರು. ತೆರೆದಾಗ ಇನ್ನೂ ಅಂಗಡಿ ಇತ್ತು.

ಅಷ್ಟರಲ್ಲಿ ಅತ್ತೆ ಚಹಾದ ಕೆಟಲ್ ಹಿಡಿದು ಬಂದರು.

"ಏನ್ರೀ ಇದು, ಬಾಣಂತಿ ಹಾಗೆ ಕೂತಿದ್ದೀರಾ?"

"ಮೆಲ್ಲಗೆ," ಎಂದರು ಮಾಮ. ಬಂದದ್ದು ಬರೀ ಉಸಿರು. "ಕೆಟಲ್ ಹೊರಗಿಡು. ಕೆಳಗೆ ಕುಕ್ಕಬೇಡ. ಇದರೊಳಗೆ ಮದ್ದಿದೆ."

ಅತ್ತೆಗೆ ಇಪ್ಪತ್ತೊಂಬತ್ತು ವರ್ಷದಿಂದ ಇವರ ಭಯಗಳೆಲ್ಲ ಗೊತ್ತು. ನಗಲೆಂದು ಬಾಯಿ ತೆರೆದವರು ಗಂಡನ ಮುಖ ನೋಡಿ ಮುಚ್ಚಿಕೊಂಡರು. ಆ ಮುಖ ನಾಯಿ ನೋಡಿದ ಮುಖವಾಗಿರಲಿಲ್ಲವಂತೆ. ಕೆಟಲನ್ನು ಓಣಿಯಲ್ಲಿಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಸದ್ದು ಮಾಡದೆ ಇಳಿಯಿರಿ ಎಂದು ಸಂಘದವರ ಕಿವಿಯಲ್ಲಿ ವಿಷಯ ಹೇಳಿದರು.

ಆಮೇಲೆ ಆದದ್ದು ಬೇರೆ ಯಾರಿಂದಲೂ ಆಗುವಂಥದ್ದಲ್ಲ. ಬೇರೆಯವರಾಗಿದ್ದರೆ ಬಾಂಬು ಅಂದ ತಕ್ಷಣ ಓಣಿ ದಾಟಿ ಹೋಗುತ್ತಿದ್ದರು. ಸಂಘದ ಈ ಹನ್ನೊಂದು ಜನ ಸದ್ದಿಲ್ಲದೆ ಇಳಿದು ಬಂದು, ಮಾಮನ ಸುತ್ತ ಬಗ್ಗಿ ನಿಂತರು.

"ಜೀವಂತ ಇದೆಯಾ? ನಿಜವಾಗ್ಲೂ?" ಡಾಕ್ಟರ ಕಣ್ಣು ಅರಳಿತ್ತು.

"ಮೂತಿ ನೋಡಿ," ಎಂದರು ಮೇಡಂ. "ಇದು ಬಡಿದ್ರೆ ಸಿಡಿಯೋದೋ, ಹೊತ್ತು ನೋಡಿ ಸಿಡಿಯೋದೋ?"

"ಹದಿನಾರನೇ ಇಸವಿದು. ಬೆಟ್ ಕಟ್ತೀನಿ."

"ಸಾಧ್ಯವೇ ಇಲ್ಲ, ಈ ಕತ್ತು ಹದಿನೇಳರದ್ದು."

"ತಳದಲ್ಲಿ ಬರೆದಿರುತ್ತೆ. ಮಾಮ, ಸ್ವಲ್ಪ ಎತ್ತಿ ಹಿಡೀರಿ."

ಎತ್ತಿ ಹಿಡೀರಿ! ಮಾಮನ ಹಲ್ಲು ಕಟಕಟ ಎಂದವು. ಹನ್ನೊಂದು ತಲೆ, ಹನ್ನೊಂದು ಉಸಿರು, ಯಾರದೋ ಪೆನ್ನು ಜೇಬಿನಿಂದ ಶೆಲ್ಲಿನ ಮೇಲೇ ಜಾರುವ ಹಾಗೆ ತೂಗುತ್ತಿತ್ತು. ಸರ್ವೆಯರು ಮಂಡಿಯೂರಿ, ಕನ್ನಡಕ ಸರಿಸಿ, ತಳವನ್ನು ಓದಿದರು. ನಡುವಿನ ಚಿಕ್ಕ ದುಂಡು ಬಿಲ್ಲೆಯನ್ನು ಬಹಳ ಹೊತ್ತು ನೋಡಿದರು. ಫಿರಂಗಿಯ ಸುತ್ತಿಗೆ ಬಡಿಯುವುದು ಆ ಬಿಲ್ಲೆಗೆ. ಹಾರಿಸಿದ ಶೆಲ್ಲಾಗಿದ್ದರೆ ಅಲ್ಲೊಂದು ಗುಳಿ ಇರಬೇಕು. ಗುಳಿ ಇರಲಿಲ್ಲ.

"ಇದನ್ನ ಹಾರಿಸೇ ಇಲ್ಲ. ಡಾಕ್ಟ್ರೇ, ಬಾಯಿ ಮುಚ್ಚಿ," ಎಂದರು ಮೆಲ್ಲಗೆ.

ಇಷ್ಟು ವರ್ಷ ಓದಿದ್ದು ಒಬ್ಬರ ನಾಲಿಗೆಗೂ ಬರಲಿಲ್ಲ. ಆಗ ಮಾತಾಡಿದವರು ಮಾಮ. ಅದು ತನ್ನ ದನಿ ಎಂದು ಅವರಿಗೇ ಗೊತ್ತಾಗಲಿಲ್ಲವಂತೆ.

"ಒಬ್ಬೊಬ್ಬರೇ ಹೋಗಿ. ಗೋಡೆ ಪಕ್ಕಕ್ಕೆ. ಮೇಜು ತಾಗಿಸಬೇಡಿ. ಮೇಡಂ, ನೀವು ಮೊದ್ಲು. ಪೆನ್ನು ತೆಗೀರಿ, ಸರ್. ಹೊರಗೆ ಹೋದವರು ಅಕ್ಕಪಕ್ಕದ ಅಂಗಡಿ ಖಾಲಿ ಮಾಡಿಸಿ. ಪೊಲೀಸರಿಗೆ ಫೋನು ಮಾಡಿ. ಶಟರ್ ಮುಟ್ಟಬೇಡಿ."

ಹೋದರು. ಕೊನೆಗೆ ಉಳಿದವರು ಅತ್ತೆ.

"ನೀನೂ ಹೋಗು."

"ನೀವು?"

"ನಾನು ಎದ್ದರೆ ಇದು ಬೀಳುತ್ತೆ ಕಣೆ."

ಅತ್ತೆ ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. ಆ ನೋಟದ ಬಗ್ಗೆ ಬರೆಯಬೇಡ ಅಂದಿದ್ದಾರೆ. ಬರೆಯುವುದಿಲ್ಲ.

ಒಂದು ಗಂಟೆ ಇಪ್ಪತ್ತು ನಿಮಿಷ ಮಾಮ ಒಬ್ಬರೇ ಕೂತರು. ಓಣಿಯಲ್ಲಿ ಒಂದೂ ಸದ್ದಿಲ್ಲ. ಶೆಲ್ಲು ನಿಧಾನವಾಗಿ ತಣಿಯಿತು. ತಣಿಯುವಾಗ ಒಮ್ಮೆ ಟಿಕ್ ಎಂದಿತು. ಅಲ್ಲಿಗೆ ಮುಗಿಯಿತು ಅಂದುಕೊಂಡರು. ಲೋಹ ತಣಿಯುವಾಗ ಹಾಗೆ ಅನ್ನುತ್ತದೆಂದು ಅವರಿಗೆ ಮೂವತ್ತೊಂದು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಟ್ಟೆ ಒದ್ದೆಯಾಯಿತು. ಇದನ್ನೂ ಬರೆ ಎಂದವರು ಅವರೇ.

ಬಾಂಬು ತೆಗೆಯುವ ತಂಡದ ಹೆಂಗಸೊಬ್ಬರು ದಪ್ಪ ಅಂಗಿ ತೊಟ್ಟು ಒಳಗೆ ಬಂದರು. ಶೆಲ್ಲಿನ ಕೆಳಗೆ ಕೈ ಕೊಟ್ಟು, "ಬಿಡಿ, ಅಣ್ಣ," ಅಂದರು. ಮಾಮನ ಬೆರಳುಗಳು ಬಿಡಲಿಲ್ಲ. ಅವರು ಒಂದೊಂದೇ ಬೆರಳನ್ನು ಬಿಡಿಸಿದರು. ಮರುದಿನ ಬೆಳಿಗ್ಗೆ ಊರಾಚೆಯ ಕಲ್ಲುಗಣಿಯಲ್ಲಿ ಶೆಲ್ಲನ್ನು ಸಿಡಿಸಿದರು. ಆ ಸದ್ದಿಗೆ ನಮ್ಮ ಮನೆಯ ಪಾತ್ರೆಗಳೂ ಅಲುಗಿದವು. ಮಾಮ ಆಗ ಮನೆಯಲ್ಲಿ ಮಂಚದ ಕೆಳಗಿದ್ದರು.

ಅದಾಗಿ ಹದಿನಾರು ದಿನವಾಯಿತು. ಮಾಮ ಅಂಗಡಿಗೆ ಹೋಗಿಲ್ಲ. ಬಲಗೈ ನಡುಗುವುದು ನಿಂತಿಲ್ಲ. ಲೋಟ ಹಿಡಿದರೆ ಚಹಾ ತುಳುಕುತ್ತದೆ. ಡಾಕ್ಟರು ಎರಡು ಸಲ ಬಂದು ಬಾಗಿಲಲ್ಲೇ ನಿಂತು ಅತ್ತು ಹೋದರು. ಮೊನ್ನೆ ಸರ್ವೆಯರು ಬಂದಿದ್ದರು. ಮಾಮ ಅವರನ್ನು ಕೇಳಿದರು:

"ಆ ಮಹಾಯುದ್ಧದಲ್ಲಿ ಸೈನಿಕರು ಶೆಲ್ಲು ಬೀಳೋದನ್ನೇ ಕಾಯ್ತಾ ಎಷ್ಟು ಹೊತ್ತು ಕೂತಿದ್ರು, ಸರ್?"

"ವೆರ್ಡನ್ ಅನ್ನೋ ಒಂದು ಕಡೆ ಹತ್ತು ತಿಂಗಳು ನಡೀತು."

"ಅವರ ಕೈ ನಡುಕ ಯಾವಾಗ ನಿಲ್ತು? ಅದನ್ನ ಬರೆದಿದ್ದಾರಾ?"

"ಬರೆದಿದ್ದಾರೆ. ಕೆಲವರದ್ದು ಬೇಗ ನಿಲ್ತು. ಕೆಲವರದ್ದು ನಿಲ್ಲಲೇ ಇಲ್ಲ. ಆ ಪುಟಗಳನ್ನ ನಾವು ಯಾವತ್ತೂ ಮೇಜಿನ ಮೇಲೆ ತೆಗೀಲಿಲ್ಲ, ಮಾಮ."

"ಒಂದು ಸುಳ್ಳು ಹೇಳೋಕೆ ಬರ್ತಿರಲಿಲ್ವಾ ನಿಮಗೆ?" ಎಂದು ಅತ್ತೆ ಒಳಗಿನಿಂದ ಸಿಡುಕಿದರು.

ಮಾಮ ಮಾತ್ರ ಸಿಟ್ಟಾಗಲಿಲ್ಲ. ನಿನ್ನೆ ಸಂಜೆ ನನ್ನನ್ನು ಕರೆದು ಹೇಳಿದರು: ಅಂಗಡಿಗೆ ಬರುತ್ತಾರಂತೆ, ಆದರೆ ಶಟರ್ ಎತ್ತುವ ಆ ಧಡಾರ್ ಸದ್ದು ಅವರಿಂದ ತಡೆಯಲಾಗುವುದಿಲ್ಲವಂತೆ. ಬರುವ ಮೊದಲೇ ಅದು ಎತ್ತಿರಬೇಕು. ಮೋಟಾರಿನ ವಿಷಯ ಆಮೇಲೆ.

ಬೀಗದ ಕೈ ನನ್ನ ಹತ್ತಿರ ಇದೆ. ನಾಳೆ ಎಂಟೂವರೆಗೆ ನಾನು ಅಂಗಡಿಗೆ ಹೋಗಿ, ಶಟರ್ ಎತ್ತಿ, ಒಳಗೆ ಕೂತಿರುತ್ತೇನೆ.