ದ್ವೀಪಕ್ಕೆ ಒಯ್ದ ತುಪ್ಪ

ಪೆಸಿಫಿಕ್ ಸಾಗರದ ಆ ಸಣ್ಣ ದ್ವೀಪಕ್ಕೆ ಬಂಗಾರಪೇಟೆ ಕಡೆಯಿಂದ ಹೋಗುವವರು ಇನ್ನೊಬ್ಬರು ಸಿಗಲಾರರು. ಅಕಸ್ಮಾತ್ ಸಿಕ್ಕರೆ ಉಪಯೋಗಕ್ಕೆ ಬರಲಿ ಎಂದು ನನಗೆ ತಿಳಿದಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಎರಡೇ ವಿಮಾನ. ವೀಸಾ ಕೇಳುವ ಮೊದಲು, ಉಳಿದುಕೊಳ್ಳುವ ಮನೆಯವರಿಂದ ಒಂದು ಪತ್ರ ತರಿಸಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ವಿಮಾನ ಬದಲಿಸುವುದಕ್ಕೆ ಬೇರೆಯದೇ ವೀಸಾ ಬೇಕು. ಅದನ್ನು ಮರೆತವರು ಬೆಂಗಳೂರಿನಿಂದಲೇ ವಾಪಸು ಬರುತ್ತಾರೆ. ಅಲ್ಲಿ ಕಾರ್ಡು ನಡೆಯುವುದು ಕಷ್ಟ, ನೋಟು ಒಯ್ಯಬೇಕು. ಭಾನುವಾರ ಅಂಗಡಿಗಳು ತೆರೆಯುವುದಿಲ್ಲ. ಕುಡಿಯುವುದು ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು, ಕಾಯಿಸಿಯೇ ಕುಡಿಯಬೇಕು. ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ಪೂರ್ವದ ಕಡೆ ಕೋಣೆ ಸಿಕ್ಕರೆ ಸೆಖೆ ಕಡಿಮೆ, ಆದರೆ ಬಟ್ಟೆಬರೆಗೆಲ್ಲ ಉಪ್ಪು ಹತ್ತುತ್ತದೆ. ದ್ವೀಪವನ್ನು ಸುತ್ತುವ ರಸ್ತೆ ಒಂದೇ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಹೊರಟ ಜಾಗಕ್ಕೇ ನಡೆದು ಬಂದುಬಿಡಬಹುದು.

ಇದೆಲ್ಲ ಆ ದ್ವೀಪದವರು ಪ್ರವಾಸಿಗರಿಗೆಂದು ಇಂಟರ್ನೆಟ್ಟಿನಲ್ಲಿ ಹಾಕಿರುವ ಮಾಹಿತಿ. ನಾನು ಅದನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ, ಅಣ್ಣ ಅಲ್ಲಿಗೆ ಕೆಲಸಕ್ಕೆ ಹೊರಟಾಗ. ಎರಡನೆಯ ಸಲ, ಅವನ ಸಮಾಧಿಗೆ ತುಪ್ಪ ಬಿಡಲು ನಾನು ಹೊರಟಾಗ.

ಅಣ್ಣ ರಾಬರ್ಟ್‌ಸನ್‌ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ದ್ವೀಪದಲ್ಲಿ ದೋಣಿಕಟ್ಟೆ ಕಟ್ಟುತ್ತಿದ್ದ ಕಂಪನಿಯೊಂದು ಎರಡು ವರ್ಷದ ಕರಾರಿಗೆ ಅವನನ್ನು ಕರೆಯಿತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಭೂಗೋಳದಲ್ಲಿ ಎಂ.ಎ. ಮಾಡಿ ಬಂಗಾರಪೇಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಹಾಗಾಗಿ ಅವನ ಅರ್ಜಿಗಳನ್ನೆಲ್ಲ ತುಂಬಿದ್ದು ನಾನು. ಮಾಹಿತಿಯನ್ನು ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೂ ನಾನು. ವೀಸಾ, ಸಾಮಾನು, ಆಸ್ಪತ್ರೆ, ಫೋನು ಎಲ್ಲ ಮುಗಿದು 'ಸಮುದ್ರದಲ್ಲಿ ಎಚ್ಚರಿಕೆ' ಎಂಬ ತಲೆಬರಹ ಬಂದಾಗ, ಇಷ್ಟು ಸಾಕು ಎಂದು ಅಂಗಡಿಯವರಿಗೆ ಹೇಳಿದೆ. ಅಣ್ಣ ಯಂತ್ರ ರಿಪೇರಿಗೆ ಹೋಗುತ್ತಿದ್ದಾನೆ, ಈಜುವುದಕ್ಕಲ್ಲ ಎಂದುಕೊಂಡೆ.

ಅವನಿಗೆ ಈಜು ಬರುತ್ತಿತ್ತು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನಮ್ಮ ಬಾವಿಯಲ್ಲಿ ಕಲಿತ ಈಜು. ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ. ದ್ವೀಪದ ಸುತ್ತ ಹವಳದ ಗೋಡೆಯಿದೆ. ದೋಣಿಗಳು ಹೋಗಿಬರಲು ಅದರಲ್ಲಿ ಒಂದು ಕಂಡಿ. ಸಮುದ್ರ ಇಳಿಯುವ ಹೊತ್ತಿಗೆ ಒಳಗಿನ ನೀರೆಲ್ಲ ಆ ಕಂಡಿಯಿಂದ ಹೊರಕ್ಕೆ ನುಗ್ಗುತ್ತದೆ, ಎಂಥ ಈಜುಗಾರರೂ ಆಗ ಅದರ ಹತ್ತಿರ ನೀರಿಗಿಳಿಯಬಾರದು. ನಾನು ಬೇಡವೆಂದ ಪುಟದ ಮೊದಲ ಸಾಲುಗಳಲ್ಲೇ ಇದು ಇತ್ತು. ಹೋಗಿ ಎಂಟು ತಿಂಗಳಾಗಿತ್ತು. ರಜೆಯ ದಿನ, ಬಿಸಿಲಿಗೆ ಬೇಸತ್ತು, ಅವನು ಅಲ್ಲೇ ಇಳಿದ.

ಕಂಪನಿಯಿಂದ ಫೋನು ಬಂದಾಗ ಮಾತಾಡಿದ್ದು ನಾನು. ಇಲ್ಲಿಗೆ ಬರುವುದು ಚಿಕ್ಕ ವಿಮಾನ, ದೇಹ ಕಳಿಸಬೇಕೆಂದರೆ ವಾರಗಟ್ಟಲೆ ಕಾಯಬೇಕು, ಅಷ್ಟು ದಿನ ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ, ಮನೆಯವರು ಒಪ್ಪಿದರೆ ಇಲ್ಲಿಯೇ ಹೂಳುತ್ತೇವೆ ಎಂದರು. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಇಲ್ಲದ ಮನೆ, ಹೇಳಬೇಕಾದವಳು ಅವಳೇ. ಅಮ್ಮ ಅಂದಳು: "ಮಣ್ ಮಾಡ್ಲಿ. ಸುಡೋದ್ ಮಾತ್ರ ಬ್ಯಾಡ ಅನ್ನು."

ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಅದು ಬಿದ್ದ ಮೇಲೆಯೇ ಹೋದವರ ಮೈ ತಣ್ಣಗಾಗುವುದು ಎಂದು ನಂಬಿಕೆ. ಆ ಮೂರನೆಯ ದಿನ ನಮ್ಮೂರಿನಲ್ಲಿ ಗುಡ್ಡೆಯೇ ಇರಲಿಲ್ಲ. ಅಮ್ಮ ಬೆಳಿಗ್ಗೆ ಎದ್ದು ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಎಲ್ಲಿಗೆ ಹೋಗಬೇಕೋ ತಿಳಿಯದೆ ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಹೋದಳು. ಮಾತಾಡಿಸಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನನ್ ಮಗ ಇನ್ನೂ ಬಿಸಿಯಾಗೇ ಅವ್ನೆ."

ಕಂಪನಿಯವರು ಮನೆಯವರಲ್ಲಿ ಒಬ್ಬರಿಗೆ ಹೋಗಿಬರುವ ಟಿಕೆಟ್ ಕೊಡುತ್ತೇವೆ ಎಂದರು. ನೀನೇ ಹೋಗು ಎಂದು ನಾನು ಅಮ್ಮನಿಗೆ ಹೇಳಿದೆ. ತಾನು ಹೋದರೆ ಅಲ್ಲಿಯೇ ಕೂತುಬಿಡುತ್ತೇನೆ, ಎಬ್ಬಿಸಿಕೊಂಡು ಬರಲು ಆಮೇಲೆ ಇನ್ನೊಂದು ಟಿಕೆಟ್ ಬೇಕಾಗುತ್ತದೆ ಎಂದಳು. ನಾನು ಹೋಗುವುದೆಂದಾಯಿತು.

ಅಮ್ಮನ ಬದುಕೆಲ್ಲ ಹಾಲಿನಲ್ಲೇ ಕಳೆದದ್ದು. ಡೈರಿಗೆ ಹಾಕುವ ಮೊದಲು ದಿನವೂ ಒಂದು ಚೊಂಬು ಹಾಲನ್ನು ಬೇರೆ ತೆಗೆದಿಡುತ್ತಾಳೆ. ದೇವರಿಗೆ, ಹಿರಿಯರಿಗೆ, ಮನೆಯ ಮಕ್ಕಳಿಗೆ ಆ ಚೊಂಬಿನದೇ ಆಗಬೇಕು. ಡೈರಿಯ ಕ್ಯಾನಿಗೆ ಬಿದ್ದ ಹಾಲು ಯಾರದ್ದೂ ಅಲ್ಲ ಎಂಬುದು ಅವಳ ಲೆಕ್ಕ. ಹಾಲು ಎರಡು ದಿನ ನಿಲ್ಲುವುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಲನ್ನು ಅಲ್ಲೇ ಕೊಂಡುಕೋ, ತುಪ್ಪ ಮಾತ್ರ ನಮ್ಮದೇ ಆಗಬೇಕು ಎಂದಳು. ಅಣ್ಣ ಕರುವಿನಿಂದ ಸಾಕಿದ್ದ ಕೆಂದ ಹಸುವಿನ ಹಾಲನ್ನು ದಿನಾ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕೂಡಿಸಿ, ಕಾಯಿಸುವಾಗ ನುಗ್ಗೆಸೊಪ್ಪು ಹಾಕಿ ಇಳಿಸಿದಳು. ಅಂಗೈಯಷ್ಟು ಅಗಲದ ಸ್ಟೀಲ್ ಡಬ್ಬಿ ತುಂಬಿತು.

ಈ ಸಲ ನಾನು ಮಾಹಿತಿಯ ಒಂದು ಸಾಲನ್ನೂ ಬಿಡಲಿಲ್ಲ. ಬೀಜ ತರಬಾರದು, ಮಾಂಸ ತರಬಾರದು, ಚಪ್ಪಲಿಯ ಅಡಿಯಲ್ಲಿ ಮಣ್ಣು ಇರಬಾರದು. ಹಾಲಿನಿಂದ ಮಾಡಿದ ಯಾವ ಪದಾರ್ಥವನ್ನೂ ತರಬಾರದು. ಅದನ್ನು ಓದಿ ನಾನು ಮಾಡಿದ ಕೆಲಸ ಇದು: ಅವರ ಕಚೇರಿಗೆ ಇಮೇಲ್ ಬರೆದೆ. ಅಣ್ಣ ಯಾರು, ನಮ್ಮ ಪದ್ಧತಿ ಏನು, ತುಪ್ಪ ಎಷ್ಟು ಎಂದು ವಿವರಿಸಿ ಅನುಮತಿ ಕೇಳಿದೆ. ಮೊದಲ ಸಲ ಓದದೆ ಬಿಟ್ಟವಳು ಈ ಸಲ ಎಲ್ಲವನ್ನೂ ಸರಿಯಾಗಿ ಮಾಡಬೇಕೆಂದುಕೊಂಡಿದ್ದೆ. ನಾಲ್ಕು ದಿನದ ಮೇಲೆ ಉತ್ತರ ಬಂತು. ತುಂಬ ಮರ್ಯಾದೆಯಾಗಿ ಬರೆದಿದ್ದರು. ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ, ಆದರೆ ನಿಮ್ಮ ದೇಶದಲ್ಲಿ ದನಗಳಿಗೆ ಕಾಲುಬಾಯಿ ರೋಗ ಇರುವುದರಿಂದ ಅನುಮತಿ ಕೊಡಲಾಗುವುದಿಲ್ಲ.

ಆ ಸಂಜೆ ಸೋದರಮಾವ ಮನೆಗೆ ಬಂದಿದ್ದರು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟವರು. ಪತ್ರದಲ್ಲಿ ಏನಿದೆ ಎಂದು ಹೇಳಿದೆ.

ಅಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ನಮ್ ಅಸೀಗೆ ಎಲ್ಲೈತೆ ರೋಗ? ಡಾಕ್ಟ್ರು ಸೂಜಿ ಆಕಿ ಕಿವೀಗೆ ನಂಬರ್ ಓಲೆ ಚುಚ್ಚವ್ರೆ. ಅದ್ರದ್ದು ಒಂದ್ ಪೋಟೋ ತೆಗ್ದು ಕಳ್ಸು."

"ಅಂಗೆಲ್ಲ ಒಪ್ಪಲ್ಲಮ್ಮ."

"ಅಲ್ಲಿ ಅಸ ಎಷ್ಟವೆ?"

ಒಂದೂ ಇಲ್ಲ ಎಂದೆ. ಹಂದಿ, ಕೋಳಿ ಮಾತ್ರ ಎಂದು ಓದಿದ್ದೆ.

"ಅಸವೇ ಇಲ್ದಿದ್ ಮ್ಯಾಕೆ ಯಾರಿಗಂಟ್ತದೆ ರೋಗ? ನನ್ ಮಗನಿಗಾ?"

ಹಂದಿಗೂ ಅದು ಅಂಟುತ್ತದೆ. ನನಗೆ ಗೊತ್ತಿತ್ತು, ಹೇಳಲಿಲ್ಲ. ಮಾವ ನನ್ನ ಕಡೆ ತಿರುಗಿದರು. "ಅಲ್ಲ ಅಮ್ಮಣ್ಣಿ, ಕೇಳಿದ್ದೇ ತಪ್ಪು. ಬಟ್ಟೆ ಮಧ್ಯ ಮಡಗ್ಕೊಂಡು ಓಗಿದ್ರೆ ಯಾರ್ ನೋಡ್ತಿದ್ರು? ಕೇಳುದ್ರೆ ಸರ್ಕಾರ್‌ದೋರು ಬ್ಯಾಡ ಅನ್ದೆ ಬಾ ಅಂತಾರಾ? ನಾವ್ ಓದ್ದೇ ಇರೋರು, ನಮ್ಗೇ ಅಷ್ಟು ಗೊತ್ತೈತೆ."

ಅಮ್ಮ ಎದ್ದು ಕೊಟ್ಟಿಗೆಗೆ ಹೋದಳು. ಆಮೇಲಿನ ವಾರವೆಲ್ಲ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಹೊರಡುವ ಹಿಂದಿನ ದಿನ ನನ್ನ ಚಪ್ಪಲಿಗಳನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಅಡಿಯಲ್ಲಿ ಕಚ್ಚಿದ್ದ ಕೆಮ್ಮಣ್ಣನ್ನೂ ಸಗಣಿಯನ್ನೂ ಕಡ್ಡಿಯಿಂದ ಕೆದಕಿ ಕೆದಕಿ ತೊಳೆದಳು. ಆ ನಿಯಮ ಅವಳಿಗೆ ಸರಿ ಕಂಡಿತ್ತು. ತುಪ್ಪದ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ, ಅಣ್ಣನ ಹಳೆಯ ಶರ್ಟಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬಂದಾಗ ನನ್ನ ಮುಖ ನೋಡದೆ ಕೇಳಿದಳು: "ಏನಾದ್ರೂ ತಂದಿದ್ದೀಯಾ ಅಂತ ಕೇಳ್ತಾರೆ. ಇಲ್ಲ ಅನ್ನಾಕೆ ಬತ್ತದಾ ನಿಂಗೆ?"

ಬರುತ್ತದೆ ಎಂದೆ.

ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡೆ. ಸೂಟ್‌ಕೇಸು ಬೆಂಗಳೂರಿನಿಂದ ನೇರವಾಗಿ ದ್ವೀಪಕ್ಕೇ ಹೋಗುತ್ತದೆ, ನಡುವೆ ಯಾರೂ ತೆರೆಯುವುದಿಲ್ಲ. ಕೊನೆಯ ವಿಮಾನದಲ್ಲಿ ತುಂಬಲು ಒಂದು ಚೀಟಿ ಕೊಟ್ಟರು. ಹಾಲಿನ ಪದಾರ್ಥ ಇದೆಯೇ ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಕಿಟಕಿಯಿಂದ ದ್ವೀಪ ಇಡಿಯಾಗಿ ಒಂದೇ ಸಲಕ್ಕೆ ಕಾಣಿಸಿತು. ನಡುವೆ ಎಂದೋ ಗೊಬ್ಬರದ ಖನಿಜ ಅಗೆದು ಬಿಟ್ಟುಹೋದ ಬಿಳಿ ಗುಂಡಿಗಳು. ಉರಿಗಾಂನ ಚಿನ್ನದ ಗಣಿಯ ಬೂದು ದಿಬ್ಬಗಳನ್ನು ನೋಡುತ್ತ ಬೆಳೆದ ನನಗೆ ಅದೇನೂ ವಿಚಿತ್ರ ಎನಿಸಲಿಲ್ಲ. ಅಣ್ಣನಿಗೂ ಎನಿಸಿರಲಿಕ್ಕಿಲ್ಲ.

ಪಶ್ಚಿಮದ ದಡದಲ್ಲಿ ವಿಮಾನ ಇಳಿಯಿತು. ಸಾಮಾನು ನೋಡುವ ಮೇಜಿನ ಹಿಂದೆ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡು ನಿಂತಿದ್ದರು. ನನ್ನ ಚೀಟಿಯ ಹೆಸರನ್ನು ಎರಡು ಸಲ ಓದಿದರು. ಪತ್ರ ಬರೆದವಳು ನೀನೇ ಅಲ್ಲವೇ, ನಿನ್ನ ಅಣ್ಣನನ್ನು ಹೂಳುವಾಗ ನಾನೂ ಹೋಗಿದ್ದೆ, ನಾವು ಹಾಡು ಹಾಡಿದೆವು ಎಂದರು. ಸೂಟ್‌ಕೇಸನ್ನು ಮುಟ್ಟಲಿಲ್ಲ. ಕೇಳಿ ಪತ್ರ ಬರೆದವಳ ಪೆಟ್ಟಿಗೆಯನ್ನು ನಾವು ತೆರೆಯುವುದಿಲ್ಲ, ಹೋಗಮ್ಮ ಎಂದು ಬಾಗಿಲು ತೋರಿಸಿದರು.

ನಾಲ್ಕು ಹೆಜ್ಜೆ ನಡೆದೆ. ಬಾಗಿಲಿನಾಚೆ ಬಿಸಿಲು, ತೆಂಗಿನ ಮರ, ನನಗಾಗಿ ಕಾಯುತ್ತಿದ್ದ ವಸತಿಯ ಮನೆಯಾಕೆಯ ಸ್ಕೂಟರು ಎಲ್ಲ ಕಾಣುತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ ಸಾಕಾಗಿತ್ತು. ನಾನು ತಿರುಗಿ ಬಂದು, ಸೂಟ್‌ಕೇಸು ತೆರೆದು, ಅಣ್ಣನ ಶರ್ಟು ಬಿಚ್ಚಿ, ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರಾಮಾಣಿಕತೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ಹೆಂಗಸು ಹಾಗೆ ನಂಬಿದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಅಷ್ಟೇ. ಅವರ ಮುಖ ಬಾಡಿತು. ನಾನು ತಿರುಗಿ ಬಾರದಿದ್ದರೆ ಚೆನ್ನಾಗಿತ್ತು ಎಂದು ಅವರಿಗೂ ಅನ್ನಿಸಿತೇನೋ. ಬೈಯಲಿಲ್ಲ, ಮುಚ್ಚಳ ತೆಗೆಯಲಿಲ್ಲ. ಒಂದು ಕಾಗದದಲ್ಲಿ ಬರೆದುಕೊಂಡು, ಇದನ್ನು ಕಟ್ಟಡದ ಹಿಂದಿರುವ, ಕಸ ಸುಡುವ ಕುಲುಮೆಯಲ್ಲಿ ಸುಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು.

ಅಣ್ಣನ ಸಮಾಧಿ ಪೂರ್ವದ ದಡದಲ್ಲಿದೆ. ಗುಡ್ಡೆಯ ಸುತ್ತ ಬಿಳಿ ಹವಳದ ಕಲ್ಲು ಜೋಡಿಸಿದ್ದರು, ಯಾರೋ ಹುಲ್ಲು ಕಿತ್ತು ಚೊಕ್ಕಟ ಮಾಡಿದ್ದರು. ಗಾಳಿ ಎದುರಿನ ಸಮುದ್ರದಿಂದ ನೇರ ಮುಖಕ್ಕೆ ಬೀಸುತ್ತಿತ್ತು. ಅಂಗಡಿಯಲ್ಲಿ ಕೊಂಡ ಹಾಲಿನ ರಟ್ಟಿನ ಪೆಟ್ಟಿಗೆಯ ಮೂಲೆ ಕತ್ತರಿಸಿ ಹಾಲು ಸುರಿದೆ. ಮರಳು ಅದನ್ನು ಕ್ಷಣದಲ್ಲಿ ಕುಡಿದುಬಿಟ್ಟಿತು. ತುಪ್ಪ ಇಲ್ಲ ಎಂದು ಅವನಿಗೆ ಹೇಳಬೇಕೆಂದುಕೊಂಡೆ, ಹೇಳದೆ ಖಾಲಿ ಪೆಟ್ಟಿಗೆಯನ್ನು ಮಡಿಸಿಟ್ಟುಕೊಂಡೆ. ಮುಂದಿನ ವಿಮಾನ ನಾಲ್ಕು ದಿನಕ್ಕೆ. ದಿನವೂ ಹೋಗಿ ಕೂತೆ. ದೋಣಿಗಳ ಕಂಡಿಯ ಕಡೆ ಹೋಗಲಿಲ್ಲ.

ಮನೆಗೆ ಬಂದಾಗ ಅಮ್ಮ ಕೊಟ್ಟಿಗೆಯಲ್ಲಿ ಕೆಂದ ಹಸುವಿನ ಹಾಲು ಕರೆಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು: "ಬಿಟ್ಯಾ?"

ಇಲ್ಲ ಎಂದೆ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ, ನಾಲ್ಕು ಹೆಜ್ಜೆಯನ್ನೂ ಬಿಡದೆ. ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ಹಸು ಒಮ್ಮೆ ಕಾಲು ಬದಲಿಸಿತು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಏನ್ ಮಾಡುದ್ರು ಅದ್ನ?"

"ಸುಟ್ರು. ವಿಮಾನ ಇಳಿಯೋ ಜಾಗದ ಹಿಂದೆ."

ಅಮ್ಮ ಹಸುವಿನ ಹೊಟ್ಟೆಗೆ ಹಣೆಯೊತ್ತಿದಳು.

"ಆ ಊರು ಎಷ್ಟಗ್ಲ ಅಂದೆ?"

"ಬೆಳಿಗ್ಗೆ ಒಂಟ್ರೆ ಊಟದೊತ್ತಿಗೆ ಸುತ್ತಿ ಬರಬೌದು."

"ಅಷ್ಟೇಯಾ." ಮತ್ತೆ ಹಾಲು ಕರೆಯತೊಡಗಿದಳು. "ಇಲ್ಲಿ ತುಪ್ಪ ಕಾಯ್ಸುದ್ರೆ ಮೂರು ಬೀದಿಗ್ ಗೊತ್ತಾಗ್ತದೆ. ಅದ್ರಾಗೆ ನುಗ್ಗೇಸೊಪ್ ಬೇರೆ ಆಕಿದ್ದೆ. ಅಷ್ಟ್ ಚಿಕ್ಕೂರಾಗೆ ಸುಟ್ರೆ ವಾಸ್ನೆ ಅವ್ನ ತಾವ್ಕೆ ಓಗ್ದೆ ಇರ್ತದಾ? ನಮ್ಮನೇದೇ ಅಂತ ಗೊತ್ತಾಗಿರ್ತದೆ ಅವ್ನಿಗೆ."

ಪೂರ್ವದ ಗಾಳಿಯ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಕುಲುಮೆ ಇದ್ದದ್ದು ಪಶ್ಚಿಮದ ದಡದಲ್ಲಿ. ಅಲ್ಲಿಂದ ಎದ್ದ ಹೊಗೆ ಅಣ್ಣನಿಗೆ ಬೆನ್ನು ತಿರುಗಿಸಿಕೊಂಡು ನೇರ ಸಮುದ್ರದ ಮೇಲೆ ಹೋಗಿರುತ್ತದೆ. ಆ ಗಾಳಿಯ ಪಾಠವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿಕೊಡುತ್ತೇನೆ.

ಅಮ್ಮ ಕರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ್ದಳು, ನನ್ನ ಬಾಯಿಂದ ಒಂದು ಮಾತು ಬರಲಿ ಎಂದು.

"ಗೊತ್ತಾಗಿರತ್ತಮ್ಮ" ಎಂದೆ.