ಸಾರಮ್ಮನ ಹಾಡಿಗೆ ನಾನೆಳೆದ ಕೆಂಪು ಗೆರೆ

1979ರ ಜೂನ್‌ನಲ್ಲಿ ನಾನು ಸಭಾಪಾಲಕನಾಗಿ, ಅಂದರೆ ಪಾದ್ರಿಯಾಗಿ, ಮಧುಗಿರಿಗೆ ಬಂದೆ. ಆಗ ನನಗೆ ಮೂವತ್ತೆರಡು ವರ್ಷ. ಊರಿನ ಚರ್ಚ್ ಅಲ್ಲದೆ ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಚದುರಿದ್ದ ಏಳು ಸಣ್ಣ ಸಭೆಗಳು ನನ್ನ ಹೊಣೆಯಾಗಿದ್ದವು. ಸಭೆ ಎಂದರೆ ಒಂದು ಊರಿನಲ್ಲಿ ಆರಾಧನೆಗೆ ಸೇರುವ ಕ್ರೈಸ್ತ ಕುಟುಂಬಗಳು. ಕೆಲವು ಕಡೆ ಹದಿನೈದು ಮನೆ, ಒಂದು ಕಡೆ ಬರೀ ನಾಲ್ಕು. ಬೆಟ್ಟದ ಬುಡದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬೇಸಿಗೆಯ ಸಂಜೆ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು ನಮ್ಮ ಹಿತ್ತಲಿಗೆ ಬಿಡುತ್ತಿತ್ತು. ಆ ಮನೆಯ ಕಿಟಕಿಯ ಬಳಿ ಇಟ್ಟುಕೊಂಡಿದ್ದ ಮೇಜಿನ ಮೇಲೆ ನಾನು ಮಾಡಿದ ಒಂದು ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಆಗಿನ ಕಾಲಕ್ಕೆ ನಮ್ಮ ಆರಾಧನೆಯಲ್ಲಿ ಹಳೆಯ ಗೀತೆಗಳದೇ ರಾಜ್ಯ. ಆದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಹಾಡುಗಳು ಬರತೊಡಗಿದ್ದವು. ಕೆಲವು ಕ್ಯಾಸೆಟ್‌ನಲ್ಲಿ, ಕೆಲವು ಕೈಬರಹದಲ್ಲಿ, ಹಲವು ಸಿನಿಮಾ ಧಾಟಿಯಲ್ಲಿ. ಯುವಕರಿಗೆ ಅವು ಬಲು ಇಷ್ಟ, ಹಿರಿಯರಿಗೆ ಅನುಮಾನ. ಕೊನೆಗೆ ನಮ್ಮ ಹಿರಿಯರ ಸಮಿತಿ ಒಂದು ತೀರ್ಮಾನಕ್ಕೆ ಬಂತು: ಹೊಸ ಹಾಡುಗಳನ್ನು ಸಂಗ್ರಹಿಸಿ, ಸತ್ಯವೇದಕ್ಕೆ ಅಂದರೆ ಬೈಬಲ್‌ಗೆ ಹೊಂದುವಂಥವನ್ನು ಮಾತ್ರ ಆರಿಸಿ, ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದ ಒಂದು ಪುಸ್ತಿಕೆಯಾಗಿ ಹಂಚುವುದು. ಪರಿಶೀಲನೆಯ ಕೆಲಸ ನನ್ನ ಪಾಲಿಗೆ ಬಂತು. ದೇವಶಾಸ್ತ್ರದ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದವನು. ನನಗೆ ಹೆಮ್ಮೆಯೇ ಆಯಿತು.

ಒಂದು ದಪ್ಪ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟವನ್ನೂ ಮೂರು ಕಾಲಂ ಮಾಡಿದೆ. ಮೊದಲನೆಯದರಲ್ಲಿ ಹಾಡಿನ ಸಾಲು, ಎರಡನೆಯದರಲ್ಲಿ ಅದಕ್ಕೆ ಆಧಾರವಾದ ಸತ್ಯವೇದದ ವಚನ, ಮೂರನೆಯದರಲ್ಲಿ ನನ್ನ ತೀರ್ಪು. ವಚನ ಹುಡುಕಲು ಕನ್‌ಕಾರ್ಡೆನ್ಸ್ ಇತ್ತು. ಯಾವ ಪದ ಸತ್ಯವೇದದಲ್ಲಿ ಎಲ್ಲೆಲ್ಲಿ ಬರುತ್ತದೆಂದು ತೋರಿಸುವ ದೊಡ್ಡ ಪುಸ್ತಕ ಅದು. ವಚನ ಸಿಕ್ಕ ಸಾಲಿಗೆ ನೀಲಿಯಲ್ಲಿ ರೈಟ್ ಗುರುತು. ಸಿಗದ ಸಾಲಿಗೆ, ಅಥವಾ ವಚನಕ್ಕೆ ವಿರುದ್ಧವಾದ ಸಾಲಿಗೆ, ಕೆಂಪು ಪೆನ್ಸಿಲ್‌ನಲ್ಲಿ ಗೆರೆ. ಬಂದ ಅರವತ್ತಕ್ಕೂ ಹೆಚ್ಚು ಹಾಡುಗಳಲ್ಲಿ ಇಪ್ಪತ್ತಮೂರು ಪಾಸಾದವು.

ಅವುಗಳಲ್ಲಿ ಎಲ್ಲರಿಗೂ ಮೆಚ್ಚುಗೆಯಾದದ್ದು ಜಯರಾಜನ ಹಾಡು. ಜಯರಾಜ ಹೊರಗಿನಿಂದ ಬಂದು ಕೊರಟಗೆರೆಯಲ್ಲಿ ನೆಲೆಸಿದ್ದ ಯುವ ಸುವಾರ್ತಿಕ, ಊರೂರಿಗೆ ಹೋಗಿ ಯೇಸುವಿನ ಸಂದೇಶ ಸಾರುವವನು. ಗಿಟಾರ್ ಹಿಡಿದು ನಿಂತರೆ ಚಪ್ಪಾಳೆ ತಟ್ಟದೆ ಇರಲು ಆಗುತ್ತಿರಲಿಲ್ಲ. ‘ನಂಬಿದವನಿಗೆ ನೋವೇ ಇಲ್ಲ, ನೀ ಮುಟ್ಟಿದ ಮೈಗೆ ರೋಗವಿಲ್ಲ’ ಎಂಬುದು ಅದರ ಪಲ್ಲವಿ. ಯೇಸು ರೋಗಿಗಳನ್ನೆಲ್ಲ ವಾಸಿಮಾಡಿದ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ, ಗಾಯಗಳಿಂದ ಗುಣವಾಗುವ ಮಾತು ಪ್ರವಾದಿ ಯೆಶಾಯನ ಪುಸ್ತಕದಲ್ಲಿದೆ. ಪ್ರತಿ ಸಾಲಿಗೂ ವಚನ ಸಿಕ್ಕಿತು. ಎಲ್ಲಕ್ಕೂ ನೀಲಿ ಗುರುತು.

ಸಾರಮ್ಮನ ಹಾಡು ಯಾರೂ ಕಳಿಸಿದ್ದಲ್ಲ. ಪಾವಗಡದ ಕಡೆಯ ಒಂದು ಹಳ್ಳಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಅಲ್ಲಿ ಸೋಗೆ ಚಪ್ಪರವೇ ನಮ್ಮ ಚರ್ಚ್. ಸಾರಮ್ಮನಿಗೆ ಐವತ್ತು ದಾಟಿತ್ತು. ಕುರಿ ಸಾಕುವ ಮನೆತನದಲ್ಲಿ ಹುಟ್ಟಿದ್ದಳು, ಈಗಲೂ ಹತ್ತಿಪ್ಪತ್ತು ಕುರಿ ಇದ್ದವು. ಓದು ಬರಹ ಬಾರದು. ಗಂಡ ದಾನಪ್ಪ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದವನು. ಅವನಿಗೆ ಕ್ಷಯ ಎಂದು ಗೊತ್ತಾಗಿ, ಪಾವಗಡದ ಆಸ್ಪತ್ರೆಯಲ್ಲಿ ವಾರಕ್ಕೆರಡು ಇಂಜೆಕ್ಷನ್, ದಿನಾ ಮಾತ್ರೆ ನಡೆಯುತ್ತಿತ್ತು. 1980ರ ಫೆಬ್ರವರಿಯಲ್ಲಿ ನಾನು ಅವರ ಮನೆಗೆ ಹೋದಾಗ ಅವಳು ಗಂಡನ ಬೆನ್ನು ನೀವುತ್ತ ಏನೋ ಗುನುಗುತ್ತಿದ್ದಳು. ಯಾರದು ಆ ಹಾಡು ಎಂದು ಕೇಳಿದೆ.

‘ಹಾಡಲ್ಲ ಅಯ್ಯನೋರೆ. ಇವ್ರು ಕೆಮ್ಮಕ್ ಶುರು ಮಾಡ್ದಾಗ ಸುಮ್ಕೆ ಬಾಯಿಗ್ ಬಂದಿದ್ದು’ ಎಂದಳು.

‘ಹೇಳಮ್ಮಿ, ಅಯ್ಯನೋರು ಬರ್ಕೊಳ್ಳಿ’ ಎಂದ ದಾನಪ್ಪ. ಅವನಿಗೆ ಹೆಂಡತಿಯ ದನಿಯ ಮೇಲೆ ಬಹಳ ಅಭಿಮಾನ.

ಅವಳು ನಾಚುತ್ತ ಹಾಡಿದಳು. ನಾನು ಬರೆದುಕೊಂಡೆ. ಆ ಭಾಗದ ಮಾತಿನಂತೆ ಅದರಲ್ಲಿ ತೆಲುಗೂ ಬೆರೆತಿತ್ತು.

ನಿದ್ದೆ ಹೋದೆಯೇನಪ್ಪ ಒಡೆಯ, ಬೆಳ್ಳಿ ಮೂಡಿತು ಲೇವಯ್ಯ
ಉಸುರು ನೋಯುತೈತೆ ಮನೆಯಾಗೆ, ಬಂದು ಕುಂತ್ಕೋ ತಂದೆಯೇ

ಲೇವಯ್ಯ ಎಂದರೆ ಏಳಪ್ಪ ಎಂದು. ಇನ್ನೂ ಮೂರು ನುಡಿಗಳಿದ್ದವು, ಎಲ್ಲದರಲ್ಲೂ ಎಬ್ಬಿಸುವುದೇ. ಮಧುಗಿರಿಗೆ ಬಂದು ಮೇಜಿನ ಮುಂದೆ ಕುಳಿತು ಕನ್‌ಕಾರ್ಡೆನ್ಸ್‌ನಲ್ಲಿ ‘ನಿದ್ದೆ’ ತೆಗೆದೆ. ಸತ್ಯವೇದದ ನೂರ ಇಪ್ಪತ್ತೊಂದನೆಯ ಕೀರ್ತನೆ ಕಣ್ಣಿಗೆ ಬಿತ್ತು. ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಅಷ್ಟು ಸಾಕಾಯಿತು. ಇಡೀ ಹಾಡಿಗೆ ಅಡ್ಡಲಾಗಿ ಕೆಂಪು ಗೆರೆ ಎಳೆದೆ.

ಮಾರನೇ ತಿಂಗಳು ಹೋದಾಗ ಆ ಪುಟವನ್ನೇ ತೋರಿಸಿ ವಿವರಿಸಿದೆ. ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದೆನೆಂದು ಆಗ ಅಂದುಕೊಂಡಿದ್ದೆ. ‘ದೇವರು ಮಲಗುವುದಿಲ್ಲ ಸಾರಮ್ಮ. ಹಾಗೆ ಹಾಡುವುದು ತಪ್ಪಾಗುತ್ತದೆ’ ಎಂದೆ. ಅವಳು ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದಳು. ಅಕ್ಷರ ಬಾರದವಳಿಗೂ ಅದೇನೆಂದು ತಿಳಿಯಿತು. ‘ಆಯ್ತು ಅಯ್ಯನೋರೆ’ ಎಂದಳು. ಅಷ್ಟೇ.

ಪುಸ್ತಿಕೆ ಏಪ್ರಿಲ್‌ನಲ್ಲಿ ಹೊರಬಂತು. ಆ ದಿನಗಳನ್ನು ನೆನೆದರೆ ಈಗಲೂ ಸ್ಟೆನ್ಸಿಲ್ ಇಂಕಿನ ವಾಸನೆ ಮೂಗಿಗೆ ಬರುತ್ತದೆ. ನನ್ನ ಹೆಂಡತಿಯೂ ನಾನೂ ನೆಲದ ಮೇಲೆ ಕೂತು ಹಾಳೆಗಳನ್ನು ಜೋಡಿಸಿ ದಾರದಲ್ಲಿ ಹೊಲಿದೆವು. ಶಿರಾಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕಟ್ಟನ್ನು ತನ್ನ ಸೀಟಿನ ಕೆಳಗೆ ಜೋಪಾನವಾಗಿ ಇಟ್ಟುಕೊಂಡು ಹೋಗುತ್ತಿದ್ದ. ಎಲ್ಲ ಸಭೆಗಳಲ್ಲೂ ಜಯರಾಜನ ಹಾಡೇ ಹಾಡು. ದನ ಮೇಯಿಸುವವರೂ ಅದನ್ನು ಗುನುಗುವುದನ್ನು ಕೇಳಿ ಹಿಗ್ಗಿದ್ದೆ.

ಮೇ, ಜೂನ್ ಎರಡು ತಿಂಗಳು ಬೇರೆ ಕೆಲಸಗಳ ನಡುವೆ ಪಾವಗಡದ ಕಡೆ ಹೋಗಲಾಗಲಿಲ್ಲ. ಜುಲೈನಲ್ಲಿ ಹೋದಾಗ ದಾನಪ್ಪ ಚಪ್ಪರಕ್ಕೆ ಬಂದಿರಲಿಲ್ಲ. ಮನೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದ. ಕೆನ್ನೆ ಇಳಿದು ಕಣ್ಣು ದೊಡ್ಡವಾಗಿದ್ದವು. ಪಕ್ಕದಲ್ಲಿದ್ದ ಬಟ್ಟೆಯಲ್ಲಿ ರಕ್ತದ ಕಲೆ. ಇಂಜೆಕ್ಷನ್ ಏನಾಯಿತೆಂದು ಕೇಳಿದೆ.

‘ಬುಟ್ಟೆ ಅಯ್ಯನೋರೆ’ ಎಂದ. ‘ನಂಬಿಕೆನೂ ಇರ್ಬೇಕು, ಸೂಜಿನೂ ಬೇಕು ಅಂದ್ರೆ ಹೆಂಗೆ? ಮಾತ್ರೆ ನುಂಗ್ತಾ ನಂಬ್ದೋನಿಗೆ ನೋವಿಲ್ಲ ಅನ್ನೋ ಆ ಹಾಡು ಹೇಳಕ್ಕೆ ನಂಗೆ ನಾಚ್ಕೆ ಆಯ್ತು.’

ಸಾರಮ್ಮ ಬಾಗಿಲ ಬಳಿ ನಿಂತಿದ್ದಳು. ದನಿ ಏರಿಸಲಿಲ್ಲ.

‘ಎಷ್ಟು ಹೇಳುದ್ರೂ ಕೇಳ್ಲಿಲ್ಲ ಅಯ್ಯನೋರೆ. ಅಯ್ಯನೋರು ಸತ್ಯವೇದ ನೋಡಿ ಪಾಸ್ ಮಾಡವ್ರೆ, ನಿಂಗೇನ್ ಗೊತ್ತು ಅಂತಾರೆ. ನನ್ ಹಾಡು ತಪ್ಪು ಅಂದ್ರಿ, ಬುಟ್ಬುಟ್ಟೆ. ಇದು ಸರಿ ಅಂದ್ರಿ, ಇವ್ರು ಹಿಡ್ಕೊಂಬುಟ್ರು.’ ಆಮೇಲೆ ಕೇಳಿದಳು: ‘ಒಂದು ಕೇಳ್ಲಾ? ಯೇಸುಸ್ವಾಮಿ ದೋಣ್ಯಾಗೆ ತಲೆದಿಂಬು ಇಟ್ಕೊಂಡು ಮಲಗಿರ್ಲಿಲ್ವಾ? ಮುಳುಗ್ತೀವಿ ಏಳಪ್ಪ ಅಂತ ಶಿಷ್ಯರು ಎಬ್ಬಿಸ್ಲಿಲ್ವಾ? ನೀವೇ ಓದಿ ಹೇಳಿದ್ರಿ, ಇದೇ ಚಪ್ಪರ್ದಾಗೆ. ನಾನು ಅದನ್ನೇ ಅಲ್ವಾ ಹಾಡಿದ್ದು?’

ಹಿಂದಿನ ವರ್ಷ ಆ ಭಾಗವನ್ನು ಓದಿ ಅರ್ಧ ಗಂಟೆ ಉಪದೇಶ ಮಾಡಿದ್ದವನು ನಾನೇ.

ಅದೇ ದಿನ ಎತ್ತಿನ ಗಾಡಿ ಕಟ್ಟಿಸಿ ದಾನಪ್ಪನನ್ನು ರಸ್ತೆಗೆ ಕರೆತಂದೆವು. ಬರಲಾರೆ ಎಂದು ಹಟ ಹಿಡಿದಿದ್ದ. ‘ಹಾಡಿಗೆ ರೈಟ್ ಹಾಕಿದವನು ನಾನು. ಅದು ಪೂರ್ತಿ ಸರಿಯಲ್ಲ ಅಂತ ಈಗ ನಾನೇ ಹೇಳ್ತಿದ್ದೀನಿ’ ಎಂದ ಮೇಲೆಯೇ ಗಾಡಿ ಹತ್ತಿದ್ದು. ಪಾವಗಡದ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ, ಮತ್ತೆ ಮೊದಲಿನಿಂದ ಶುರುಮಾಡಬೇಕು, ಒಂದೂವರೆ ವರ್ಷ ಬೇಕು ಎಂದರು. ಯಾಕೆ ಬಿಟ್ಟಿರಿ ಎಂದು ದಾನಪ್ಪನನ್ನು ಕೇಳಿದರು. ‘ನಾನು ಹಂಚಿದ ಒಂದು ಹಾಡಿನಿಂದ’ ಎಂದೆ. ಡಾಕ್ಟರು ನನ್ನನ್ನೊಮ್ಮೆ ನೋಡಿ ಚೀಟಿ ಬರೆಯತೊಡಗಿದರು.

ಅವನನ್ನು ವಾರ್ಡಿಗೆ ಸೇರಿಸಿ ಹೊರಗಿನ ಬೆಂಚಿನ ಮೇಲೆ ಕುಳಿತು, ಕನ್‌ಕಾರ್ಡೆನ್ಸ್ ಇಲ್ಲದೆ, ಚೀಲದಲ್ಲಿದ್ದ ಸತ್ಯವೇದ ತೆಗೆದು ಕೀರ್ತನೆಗಳನ್ನು ಮೊದಲಿನಿಂದ ಓದುತ್ತ ಹೋದೆ. ನಲವತ್ತನಾಲ್ಕನೆಯದಕ್ಕೆ ಬಂದಾಗ ಬೆರಳು ನಿಂತಿತು. ಕರ್ತನೇ ಯಾಕೆ ನಿದ್ರಿಸುತ್ತೀ, ಎಚ್ಚೆತ್ತುಕೋ ಎಂದು ಇಡೀ ಜನಾಂಗ ಅಲ್ಲಿ ಕೂಗುತ್ತದೆ. ಅದನ್ನು ಎಷ್ಟೋ ಸಲ ಓದಿದ್ದೆ. ಇನ್ನೊಂದು ಕಡೆ ಅಪೊಸ್ತಲ ಪೌಲ ತನ್ನ ಮೈಯೊಳಗಿನ ಮುಳ್ಳಿನಂಥ ಬಾಧೆ ಹೋಗಲೆಂದು ಮೂರು ಸಲ ಬೇಡಿದ್ದಾನೆ; ಅದು ಹೋಗಲಿಲ್ಲ. ಪೌಲನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ಬೇನೆ; ಅದಕ್ಕೆ ಪೌಲ ಹೇಳಿದ್ದು ಔಷಧಿಯಂತೆ ಸ್ವಲ್ಪ ದ್ರಾಕ್ಷಾರಸ ಕುಡಿಯಲು. ಜಯರಾಜನ ಹಾಡಿನ ಪ್ರತಿ ಸಾಲಿಗೂ ವಚನ ಹುಡುಕಿದ್ದ ನಾನು, ಅದು ಯಾವ ವಚನಗಳನ್ನು ಬಿಟ್ಟಿದೆ ಎಂದು ಹುಡುಕಿರಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮುಂದಿನ ಆರು ವಾರಗಳಲ್ಲಿ ಊರಿನ ಚರ್ಚೂ ಸೇರಿ ಎಂಟೂ ಸಭೆಗಳಿಗೆ ಹೋಗಿ, ಆರಾಧನೆಯ ನಡುವೆ ಎದ್ದು ನಿಂತು, ನಡೆದದ್ದನ್ನು ಹೇಳಿ, ಆ ಹಾಡಿರುವ ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಶಿರಾದಲ್ಲಿ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. ‘ಪಾದ್ರಿಗಳೇ ತಪ್ಪಾಯ್ತು ಅಂತ ನಿಂತ್ರೆ ಜನ ಇನ್ಯಾರ ಮಾತು ನಂಬ್ಬೇಕು? ಸ್ವಲ್ಪ ಹುಷಾರಾಗಿ ಮಾತಾಡಿ’ ಎಂದರು. ಅವರು ಹೇಳಿದ್ದರಲ್ಲಿ ಕಾಳಜಿಯಿತ್ತು. ಆದರೂ ಉಳಿದ ಊರುಗಳಲ್ಲಿ ಹಾಗೆಯೇ ಹೇಳಿದೆ.

ಕೊರಟಗೆರೆಯಲ್ಲಿ ಜಯರಾಜ ಕೆರಳಿದ. ‘ಅಯ್ಯನವರೇ, ವಾಕ್ಯಕ್ಕೆ ವಿರುದ್ಧವಾದ ಸಾಲು ಯಾವುದು, ಒಂದು ತೋರಿಸಿ’ ಎಂದ. ತೋರಿಸಲು ಬರುತ್ತಿರಲಿಲ್ಲ. ಅವನನ್ನು ಪಾವಗಡದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾನಪ್ಪ ಅವನನ್ನು ಕಂಡು ಹಾಸಿಗೆಯಿಂದ ಏಳಲು ಹೋದ. ಕೈ ಮುಗಿದು, ‘ನಿಮ್ ಹಾಡು ಭಾಳ ಚೆನ್ನಾಗೈತೆ ಸ್ವಾಮಿ, ನನ್ ನಂಬಿಕೆನೇ ಸಾಲ್ದೆ ಬಂತು’ ಎಂದ. ಜಯರಾಜ ಸಂಜೆಯ ಬಸ್ಸಿನವರೆಗೂ ಅವನ ಪಕ್ಕದಲ್ಲೇ ಕೂತಿದ್ದ. ಆ ಹಾಡನ್ನು ಅವನು ಮತ್ತೆ ಹಾಡಿದ್ದನ್ನು ನಾನು ಕೇಳಲಿಲ್ಲ.

ದಾನಪ್ಪ ಹದಿನೆಂಟು ತಿಂಗಳು ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಎರಡು ಸಲ ರೋಗ ಮರುಕಳಿಸಿದಂತೆ ಕಂಡು ಹೆದರಿಸಿತು. ಕಲ್ಲು ಒಡೆಯುವ ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ. ಕುರಿಗಳ ಹಿಂದೆ ಹೊರಟ. ನಾನು 1984ರಲ್ಲಿ ವರ್ಗವಾಗಿ ಹೊರಡುವಾಗ ಮೂರು ಮೈಲಿ ನಡೆದು ನನ್ನನ್ನು ಬಸ್ಸಿಗೆ ಬಿಟ್ಟುಹೋದ.

ಸಾರಮ್ಮನ ಹಾಡನ್ನು ಎರಡನೆಯ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತೇನೆಂದು ಕೇಳಿದ್ದೆ. ಅವಳು ಒಪ್ಪಲಿಲ್ಲ. ‘ಪುಸ್ತಕ್ದಾಗೆ ಬ್ಯಾಡಿ ಅಯ್ಯನೋರೆ. ಬೇಕಾದೋರು ಬಂದು ಕಲ್ತ್ಕೊಳ್ಲಿ’ ಎಂದಳು. ಹಾಗಾದರೆ ನನಗೇ ಕಲಿಸಿ ಎಂದೆ. ಚಪ್ಪರದ ನೆರಳಲ್ಲಿ ಕೂರಿಸಿಕೊಂಡು ಕಲಿಸಿದಳು. ನನ್ನ ದನಿ ಎತ್ತರಕ್ಕೆ ಹೋಗದೆ ಒಡೆದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು. ಕೆಂಪು ಗೆರೆಯ ಬಗ್ಗೆ ಕ್ಷಮೆ ಕೇಳಿದೆ. ‘ಬುಡಿ ಅಯ್ಯನೋರೆ, ನೀವು ಚಿಕ್ಕೋರು’ ಎಂದಳು. ಅದರ ಬಗ್ಗೆ ಅವಳು ಮತ್ತೆ ಮಾತೆತ್ತಲಿಲ್ಲ.

ಅನಂತರ ನಿವೃತ್ತನಾಗುವವರೆಗೆ ಬೇರೆ ಬೇರೆ ಊರುಗಳಲ್ಲಿ ಹಾಡುಗಳನ್ನು ಪರಿಶೀಲಿಸುವ ಕೆಲಸ ನನ್ನ ಬೆನ್ನು ಹತ್ತಿಯೇ ಬಂತು. ಸತ್ಯವೇದಕ್ಕೆ ಹೊಂದದ ಹಾಡುಗಳನ್ನು ಆಮೇಲೂ ತಡೆದಿದ್ದೇನೆ; ತಡೆಯಲೇಬೇಕು. ಆದರೆ ಒಂದು ವಚನ ಸಿಕ್ಕಿತೆಂದು ಹಾಡನ್ನು ಪಾಸು ಮಾಡಲಿಲ್ಲ, ಒಂದು ವಚನ ಅಡ್ಡ ಬಂತೆಂದು ಹೊಡೆದುಹಾಕಲಿಲ್ಲ. ಬರೆದವರ ಮನೆಗೆ ಹೋಗಿ ಅದು ಎಲ್ಲಿಂದ ಬಂತೆಂದು ಕೇಳಿದೆ. ಕಾಯಿಲೆ ಬಿದ್ದವರೊಬ್ಬರ ಮುಂದೆ ಹಾಡಿ ಅವರ ಮುಖ ನೋಡಿದೆ. ಇದಕ್ಕೆ ಬಹಳ ದಿನ ಹಿಡಿಯುತ್ತಿತ್ತು. ಸಮಿತಿಯ ವರದಿಗಳಲ್ಲಿ ನನ್ನ ನಿಧಾನದ ಬಗ್ಗೆ ದೂರುಗಳಿವೆ. ಅವು ನಿಜ.