ಮೊಸಳೆಯ ಮೇಲೆ ಕೂತ ದೇವಿ

ಅಪ್ಪನಿಗೆ ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಆಗೆಲ್ಲ ನಮ್ಮ ಮನೆಗೆ ಬಾಯಿ ಅಂತ ಇದ್ದದ್ದು ನನ್ನೊಬ್ಬಳದೇ. ವರ್ಗದ ನೌಕರಿಯವರ ಮಕ್ಕಳಾಗಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಅವ್ವನಿಗೆ ಕನ್ನಡ ಬಿಟ್ಟರೆ ಒಂದಕ್ಷರ ಬೇರೆ ಭಾಷೆ ಬಾರದು. ತರಕಾರಿಯವನು, ಹಾಲಿನವನು, ಪಕ್ಕದ ಮನೆಯ ಪಟೇಲರ ಹೆಂಡತಿ, ಎಲ್ಲರ ಜೊತೆಗೂ ಅವ್ವ ಮಾತಾಡುತ್ತಿದ್ದುದು ನನ್ನ ನಾಲಿಗೆಯಿಂದ. ಚಾಂದ್‌ಖೇಡಾದ ಕ್ವಾರ್ಟರ್ಸಿನ ಬಯಲಲ್ಲಿ ಲಗೋರಿ ಆಡುತ್ತಾ ಆಡುತ್ತಾ ನಾನು ಗುಜರಾತಿ ಕಲಿತುಬಿಟ್ಟಿದ್ದೆ. ಅಲ್ಲಿ ಅದಕ್ಕೆ ಸತೋಡಿಯು ಅನ್ನುತ್ತಿದ್ದರು. ನನಗೆ ಹನ್ನೊಂದು ವರ್ಷ, ತಮ್ಮ ಇನ್ನೂ ತೊದಲುವ ಕೂಸು. ದೊಡ್ಡವರಿಬ್ಬರು ನನ್ನ ಬಾಯನ್ನೇ ನೋಡುತ್ತಾ ನಿಲ್ಲುತ್ತಾರೆ ಅನ್ನುವ ಸೊಕ್ಕು ನನಗೆ ಆಗಲೇ ಬಂದಿತ್ತು.

ಅವ್ವನಿಗೆ ಬಣ್ಣದ ಹುಚ್ಚು. ಸಣ್ಣ ಟ್ಯೂಬುಗಳ ಬಣ್ಣದಿಂದ ದಿಂಬಿನ ಚೀಲಗಳ ಮೇಲೆ ಗುಲಾಬಿ ಬಿಡಿಸುತ್ತಿದ್ದಳು. ಮನೆಯಲ್ಲಿದ್ದ ದಿಂಬು, ಟಿವಿಯ ಮುಸುಕು, ಅಪ್ಪನ ಕರ್ಚೀಫು ಎಲ್ಲದರ ಮೇಲೂ ಗುಲಾಬಿ ಅರಳಿ ಮುಗಿದಿತ್ತು. ಆ ವರ್ಷ ನವರಾತ್ರಿಯಲ್ಲಿ ಕಾಲೊನಿಯ ಗೇಟಿನ ಹೊರಗೆ ಒಬ್ಬ ಹೆಂಗಸು ಹಗ್ಗಕ್ಕೆ ಬಟ್ಟೆಗಳನ್ನು ತೂಗುಹಾಕಿಕೊಂಡು ಕೂತಿದ್ದಳು. ಬಿಳಿ, ಕಪ್ಪು, ರಕ್ತದಂಥ ಕೆಂಪು, ಮೂರೇ ಬಣ್ಣ. ನಡುವೆ ಗುಡಿಯಂಥ ಚೌಕ, ಅದರೊಳಗೆ ಮೊಸಳೆಯ ಮೇಲೆ ಕೂತ ದೇವಿ, ಸುತ್ತಲೂ ಡೋಲು ಬಾರಿಸುವವರು, ಕುದುರೆಗಳು, ಗಿಳಿಗಳು. ಅವ್ವ ಕೊತ್ತಂಬರಿ ಸೂಡು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಳು.

"ಇದು ಯಾವ ಟ್ಯೂಬಿನ ಬಣ್ಣ ಕೇಳು ಆಕೀಗೆ."

ಕೇಳಿದೆ. ಆ ಹೆಂಗಸು ನಕ್ಕಳು. "ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು. ಇಪ್ಪತ್ತು ದಿನ ಮಡಕೆಯಲ್ಲಿಟ್ಟರೆ ಈ ಕಪ್ಪು ಆಗುತ್ತದೆ ದೀಕರಿ."

ದೀಕರಿ ಅಂದರೆ ಮಗಳೇ ಅಂತ. ಅವಳ ಹೆಸರು ಸವಿತಾಬೆನ್. ಆ ಬಟ್ಟೆಗೆ ಮಾತಾನಿ ಪಚೇಡಿ ಅನ್ನುತ್ತಾರೆ, ದೇವಿಯ ಹಿಂದೆ ಕಟ್ಟುವ ಬಟ್ಟೆ. ಅವಳ ಗಂಡು ಮಕ್ಕಳಿಬ್ಬರೂ ಸೂರತ್ತಿನ ಹತ್ತಿರ ಸಚಿನ್ ಅನ್ನುವ ಊರಲ್ಲಿ ಬಟ್ಟೆ ಕಾರ್ಖಾನೆ ಸೇರಿದ್ದರು, ಸೊಸೆಯರಿಗೆ ಕೈ ಕಪ್ಪು ಮಾಡಿಕೊಳ್ಳುವುದು ಬೇಡವಾಗಿತ್ತು. ಎಲ್ಲಿಂದಲೋ ಬಂದ ಒಬ್ಬಳು ಕಲಿಯುತ್ತೇನೆ ಅಂದಾಗ ಅವಳ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದಿನದ ಕೂಲಿ ಗೊತ್ತುಮಾಡಿಕೊಂಡು, ವಾರಕ್ಕೆರಡು ಮಧ್ಯಾಹ್ನ ನಮ್ಮ ಮನೆಗೆ ಬರಲು ಒಪ್ಪಿದಳು.

ಮೊದಲ ದಿನ ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ ಅವ್ವ ಅಂದಳು, "ಬಾಲ್ಕನ್ಯಾಗ ಕುಂಡ್ರು ಅಂತ ಹೇಳು. ಅಡಗಿಮನಿ ಕಡೆ ಬರೂದು ಬ್ಯಾಡ. ಯಾವ ಮಂದೀನೋ ಏನೋ."

ನಾನು ಸವಿತಾಬೆನ್‌ಗೆ ಹೇಳಿದೆ, "ಬಾಲ್ಕನಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಬಟ್ಟೆ ಬೇಗ ಒಣಗುತ್ತದೆ ಅಂತಾಳೆ ಮಮ್ಮಿ."

ಹಾಗೆ ಶುರುವಾಯಿತು. ನೀರು ಕುಡಿಯಲು ಅವಳಿಗೆ ಬೇರೆಯದೇ ಒಂದು ಪ್ಲಾಸ್ಟಿಕ್ ಲೋಟ ಬಂತು. ಒಡೆಯುವುದಿಲ್ಲ ಅಂತ ಇದನ್ನು ಕೊಟ್ಟಿದ್ದಾಳೆ ಅಂದೆ. ಅವಳು ಹೋದ ಮೇಲೆ ಅವ್ವ ಬಾಲ್ಕನಿಗೆ ನೀರು ಸುರಿದು ತೊಳೆಯುತ್ತಿದ್ದಳು. ಒಂದು ದಿನ ಮರೆತ ಕೊಡೆಗಾಗಿ ತಿರುಗಿ ಬಂದ ಸವಿತಾಬೆನ್ ಅದನ್ನು ನೋಡಿದಳು. ಬಣ್ಣದ ಕಲೆ ಉಳಿಯಬಾರದಲ್ಲ ಅಂದೆ. ನನಗೆ ಅದು ಸುಳ್ಳು ಅನ್ನಿಸುತ್ತಲೇ ಇರಲಿಲ್ಲ. ಗುಲಾಬಿ ಬಿಡಿಸಿದಷ್ಟೇ ಸಲೀಸು.

ಆ ಚಳಿಗಾಲ ನಮ್ಮ ಮನೆಯ ವಾಸನೆಯೇ ಬದಲಾಯಿತು. ಮೂಲೆಯ ಮಡಕೆಯಲ್ಲಿ ಬೆಲ್ಲ ಮತ್ತು ತುಕ್ಕು ಕೊಳೆಯುವ ಹುಳಿ ನಾತ, ಒಲೆಯ ಮೇಲೆ ಹುಣಸೆಬೀಜದ ಗಂಜಿ. ಅಳಲೆಕಾಯಿ ನೀರಲ್ಲಿ ನೆನೆದ ಬಟ್ಟೆ ಹಳದಿಗೆ ತಿರುಗಿ ಒಣಗುತ್ತಿತ್ತು. ಸವಿತಾಬೆನ್ ಬಿದಿರಿನ ಕಡ್ಡಿಯ ತುದಿಯನ್ನು ಜಗಿದು, ಕಪ್ಪು ನೀರಲ್ಲಿ ಅದ್ದಿ, ಒಂದೇ ಉಸಿರಿಗೆ ಗೆರೆ ಎಳೆಯುತ್ತಿದ್ದಳು. ಎಳೆಯುವಾಗ ಗೆರೆ ಮಾಸಲು, ನೋಡನೋಡುತ್ತಾ ಕಪ್ಪಾಗುತ್ತಿತ್ತು. ನನಗೂ ಒಂದು ಕಡ್ಡಿ ಮಾಡಿಕೊಟ್ಟು, ಕೈ ಹಿಡಿದು ಗಿಳಿ ಬರೆಸಿದಳು. ನನ್ನ ಗಿಳಿಯ ಹೊಟ್ಟೆ ದಪ್ಪವಾದರೆ "ಇದಕ್ಕೆ ಎಷ್ಟು ಲಾಡು ತಿನ್ನಿಸಿದೆ?" ಅಂತ ಬೆನ್ನಿಗೆ ಗುದ್ದುತ್ತಿದ್ದಳು. ಅವ್ವನಿಗಿಂತ ಅವಳ ಪಕ್ಕ ಕೂರುವುದೇ ನನಗೆ ಹಿತವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಒಂದು ಭಾನುವಾರ ನಮ್ಮನ್ನು ಸಾಬರಮತಿಯ ದಂಡೆಗೆ ಕರೆದುಕೊಂಡು ಹೋದಳು. ಪಟಿಕ ಹಚ್ಚಿದ ಬಟ್ಟೆಯನ್ನು ಹರಿಯುವ ನೀರಲ್ಲೇ ತೊಳೆಯಬೇಕು, ನಿಂತ ನೀರಲ್ಲಿ ಅದ್ದಿದರೆ ಎಲ್ಲ ಕದಡಿ ಕಲೆಯಾಗುತ್ತದೆ. ಮೊಣಕಾಲುದ್ದದ ತಣ್ಣನೆಯ ನೀರಲ್ಲಿ ನಾನು ಬಟ್ಟೆಯ ಒಂದು ತುದಿ ಹಿಡಿದಿದ್ದೆ, ಅವಳು ಇನ್ನೊಂದು. ಆಮೇಲೆ ದಂಡೆಯಲ್ಲಿ ತಾಮ್ರದ ಹಂಡೆಯೊಳಗೆ ಬಣ್ಣದ ಬೇರಿನ ಪುಡಿ ಹಾಕಿ ಬಟ್ಟೆ ಕುದಿಸಿದಾಗ ಪಟಿಕ ಹಚ್ಚಿದ ಕಡೆಯೆಲ್ಲ ಕೆಂಪು ಎದ್ದು ಬಂತು. ನಾನು ಕಿರುಚಿಬಿಟ್ಟೆ. ಅವಳ ಗುಡಿಸಲಲ್ಲಿ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಬೆಲ್ಲ ತಿಂದೆ. ಅವ್ವ ಕೊಡೆ ಹಿಡಿದುಕೊಂಡು ದೂರದ ಕಲ್ಲಿನ ಮೇಲೆ ಕೂತಿದ್ದಳು.

"ಮಮ್ಮಿಗೆ ಇವತ್ತು ಉಪವಾಸ," ಅಂದೆ.

"ಹೋದ ಮಂಗಳವಾರ ನಾನು ಲಾಡು ತಂದಾಗಲೂ ಉಪವಾಸ ಅಂದೆಯಲ್ಲ," ಸವಿತಾಬೆನ್ ಅವ್ವನ ಕಡೆ ನೋಡಿ ಕೈಮುಗಿದಳು. "ದೊಡ್ಡ ಭಕ್ತೆ ನಿನ್ನ ಮಮ್ಮಿ."

ಅವ್ವ ದೂರದಿಂದಲೇ ನಕ್ಕಳು.

ಜನವರಿ ಹೊತ್ತಿಗೆ ಬೀದಿಬೀದಿಯಲ್ಲಿ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಹಚ್ಚಿ ಒಣಗಿಸುತ್ತಿದ್ದರು. ಅದೇ ದಿನಗಳಲ್ಲಿ ಕಾಲೊನಿಯ ಕ್ಲಬ್ಬಿನ ಹೆಂಗಸರು ಕೈಕೆಲಸದ ಪ್ರದರ್ಶನ ಇಟ್ಟರು. ಅಲ್ಲಿಯವರೆಗೆ ಅವ್ವನನ್ನು ಯಾರೂ ಮಾತಾಡಿಸಿದವರಲ್ಲ. ಅರಿಶಿನ ಕುಂಕುಮಕ್ಕೆ ಕರೆದರೂ ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ಈ ಸಲ ತನ್ನ ಹೆಸರು ಕೊಟ್ಟು ಬಂದಳು. ಪೆಟ್ಟಿಗೆಯಿಂದ ಬಿಳಿ ರೇಷ್ಮೆಯ ಬಟ್ಟೆ ತೆಗೆದಳು, ಐದೂವರೆ ಮೀಟರು.

"ಸೆರಗಿಗೆ ಆ ದೇವಿ ಬರದು ಕೊಡು ಅಂತ ಹೇಳು. ಉಳದದ್ದಕ್ಕೆ ನಾ ಬಣ್ಣ ತುಂಬತೀನಿ."

ಸವಿತಾಬೆನ್ ರೇಷ್ಮೆಯನ್ನು ಮುಟ್ಟಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಸೀರೆಗೆ ದೇವಿಯೇ? ಉಟ್ಟುಕೊಂಡು ಕೂರುತ್ತಾರೆ, ಕಾಲಿಗೆ ತಾಗುತ್ತದೆ, ಒಗೆಯುವಾಗ ಕಲ್ಲಿಗೆ ಬಡಿಯುತ್ತಾರೆ. ಇಲ್ಲ ದೀಕರಿ. ಹೂವು ಬರೆಯುತ್ತೇನೆ, ಗಿಳಿ ಬರೆಯುತ್ತೇನೆ. ದೇವಿಯನ್ನು ಬರೆಯುವುದಿಲ್ಲ."

ಇದನ್ನು ಮಾತ್ರ ನಾನು ಇದ್ದದ್ದು ಇದ್ದಹಾಗೆ ಹೇಳಿದೆ. "ಆಗಂಗಿಲ್ಲಂತ ಅವ್ವಾ."

ಅವ್ವನ ಮುಖ ಸಣ್ಣದಾಯಿತು. "ದೇವಿ ಸೀರಿ ಅಂತ ಹೆಸರು ಬರಸಿ ಬಂದೀನಲ್ಲ," ಅಂದಳು. ಆಮೇಲೆ ನನ್ನ ತಲೆ ಸವರಿ ದನಿ ತಗ್ಗಿಸಿದಳು, "ಏನರ ಹೇಳು. ನೀ ಶಾಣ್ಯಾಕಿ ಅದಿ."

ಸವಿತಾಬೆನ್ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಹೇಳಿದೆ, "ಸೀರೆ ಅಲ್ಲವಂತೆ, ನಾನೇ ತಪ್ಪು ಹೇಳಿದೆ. ಇದು ನಮ್ಮ ಪೂಜಾ ಕೋಣೆಗೆ. ಮೂರು ಗೋಡೆಗೂ ಸುತ್ತಿ ಬರುವಷ್ಟು ಉದ್ದ ಬೇಕು. ದೇವಿ ಒಂದು ತುದಿಯಲ್ಲಿರಬೇಕು, ಅಲ್ಲೇ ದೀಪ ಇಡುವುದು."

ನಮ್ಮ ಮನೆಯಲ್ಲಿ ಪೂಜಾ ಕೋಣೆ ಅನ್ನುವುದೇ ಇರಲಿಲ್ಲ. ದೇವರು ಇದ್ದದ್ದು ಅಡಿಗೆಮನೆಯ ಒಂದು ಹಲಗೆಯ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕ. ಮೂರು ತಿಂಗಳಿಂದ ಬರುತ್ತಿದ್ದ ಸವಿತಾಬೆನ್‌ಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಅವಳು ಒಳಗೆ ಬಂದಿದ್ದರೆ ತಾನೇ?

ಅವಳ ಕಣ್ಣು ತುಂಬಿತು. "ನಿಮ್ಮ ದೇವರ ಕೋಣೆಗೆ ನನ್ನ ಕೈಯ ಬಟ್ಟೆಯೇ!" ಅಂದಳು. ಆ ಕೆಲಸಕ್ಕೆ ಕೂಲಿ ಬೇಡ ಅಂದಳು. ದೇವಿಯ ಮುಖ ಬರೆದ ದಿನ ಬೆಳಗಿನಿಂದ ನೀರು ಸಹ ಮುಟ್ಟಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ಕೊನೆಗೆ ಎರಡು ಕಣ್ಣುಗಳನ್ನು ಬರೆದು, ಕಡ್ಡಿಯನ್ನು ಕೆಳಗಿಟ್ಟು ಹಣೆ ನೆಲಕ್ಕೆ ಹಚ್ಚಿದಳು. ಬಟ್ಟೆ ಕಟ್ಟುವ ದಿನ ತೆಂಗಿನಕಾಯಿ ತಾನೇ ತರುತ್ತೇನೆ, ಯಾವತ್ತು ಅಂತ ಕೇಳಿದಳು. ಹುಣ್ಣಿಮೆಗೆ ಅಂದೆ. ಪ್ರದರ್ಶನವೂ ಅವತ್ತೇ ಅನ್ನುವುದು ನನ್ನ ತಲೆಯಲ್ಲಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ.

ಹುಣ್ಣಿಮೆಯ ಸಂಜೆ ಐದು ಗಂಟೆಗೆ ಅವ್ವ ಕ್ಲಬ್ಬಿನ ವೇದಿಕೆಯ ಮೇಲೆ ಆ ಸೀರೆ ಉಟ್ಟು ನಿಂತಿದ್ದಳು. ಸೆರಗಿನಲ್ಲಿ ದೇವಿ, ನೆರಿಗೆಯಲ್ಲಿ ಡೋಲಿನವರು, ಕುದುರೆಗಳು. ಅಂಚು ಅವ್ವನ ಎತ್ತರದ ಚಪ್ಪಲಿಯ ಅಡಿಗೆ ಸಿಕ್ಕಿಕೊಂಡಿತ್ತು. ದೊಡ್ಡ ಸಾಹೇಬರ ಹೆಂಡತಿ ಮೈಕಿನಲ್ಲಿ, "ಖುದ್ ಬನಾಯಾ?" ನೀವೇ ಮಾಡಿದ್ದಾ ಅಂತ ಕೇಳಿದರು. ಅಷ್ಟು ಹಿಂದಿಗೆ ಅವ್ವನಿಗೆ ನಾನು ಬೇಕಾಗಲಿಲ್ಲ.

"ಹಾಂಜಿ," ಅಂದಳು.

ಚಪ್ಪಾಳೆಯ ನಡುವೆ ನಾನು ತಿರುಗಿ ನೋಡಿದರೆ ಬಾಗಿಲಲ್ಲಿ ಸವಿತಾಬೆನ್. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ತೆಂಗಿನಕಾಯಿ, ಕುಂಕುಮ, ದೇವಿಗೆ ಹೊದಿಸುವ ಕೆಂಪು ಚುನರಿ. ಮನೆಗೆ ಬೀಗ ನೋಡಿ, ಪಕ್ಕದ ಮನೆಯವರನ್ನು ಕೇಳಿಕೊಂಡು ಇಲ್ಲಿಗೆ ಬಂದಿದ್ದಳು. ನಾನು ಓಡಿಹೋದೆ. ಅವಳು ನನ್ನನ್ನು ಬೈಯಲಿಲ್ಲ. ವೇದಿಕೆಯನ್ನೇ ನೋಡುತ್ತಾ ಕೇಳಿದಳು.

"ಪೂಜಾ ಕೋಣೆ ಎಲ್ಲಿದೆ ದೀಕರಿ?"

ಅಷ್ಟರಲ್ಲಿ ಬಹುಮಾನದ ಡಬ್ಬಿ ಹಿಡಿದುಕೊಂಡು ಅವ್ವ ಇಳಿದು ಬಂದಳು. ಹಿಂದೆ ನಾಲ್ಕಾರು ಹೆಂಗಸರು, ಎಲ್ಲ ನಮ್ಮ ಹಾಗೆ ವರ್ಗವಾಗಿ ಬಂದವರು, ಗುಜರಾತಿ ಬಾರದವರು.

"ಏನಂತಾಳ?"

ಸವಿತಾಬೆನ್ ಅವ್ವನ ಮುಖ ನೋಡಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಿನ್ನ ಮಮ್ಮಿಗೆ ಹೇಳು. ನನ್ನ ಅಜ್ಜಿಯನ್ನು ಗುಡಿಯ ಹೊಸ್ತಿಲು ದಾಟಲು ಬಿಡಲಿಲ್ಲ. ಅದಕ್ಕೇ ನಮ್ಮವರು ದೇವಿಯನ್ನು ಬಟ್ಟೆಯ ಮೇಲೆ ಬರೆದು ತಮ್ಮ ಮನೆಗೆ ಕರೆದುಕೊಂಡರು. ನಿಮಗೆ ಅಷ್ಟೊಂದು ಗುಡಿಗಳಿದ್ದವು. ನಮ್ಮ ಈ ಒಬ್ಬಳನ್ನೂ ತೆಗೆದುಕೊಂಡು ಕಾಲಿಗೆ ಸುತ್ತಿಕೊಂಡಿರಲ್ಲ."

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಸೀರಿ ಭಾಳ ಛಂದ ಕಾಣತೈತಿ, ದೇವಿ ನಿನಗ ಒಳ್ಳೇದು ಮಾಡ್ಲಿ ಅಂದ್ಲು," ಅಂದೆ.

ಅವ್ವ ತಲೆಯಾಡಿಸಿದಳು. ನಕ್ಕಳು ಕೂಡ. ಸವಿತಾಬೆನ್ ಆ ನಗುವನ್ನು ನೋಡಿದಳು, ಆಮೇಲೆ ನನ್ನನ್ನು. ಮೂರು ತಿಂಗಳಿಂದ ನಾನು ಆಡಿದ ಒಂದೊಂದು ಮಾತನ್ನೂ ಅವಳು ಆಗ ತಿರುಗಿಸಿ ನೋಡುತ್ತಿದ್ದಾಳೆ ಅನ್ನಿಸಿತು. ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಹೊರಟುಹೋದಳು.

ಹದಿನೈದು ದಿನ ತಡೆದೆ. ಆಮೇಲೆ ಕಡ್ಡಿ ಬೇಕು ಅಂತ ಸುಳ್ಳು ಹೇಳಿ ಅಪ್ಪನ ಸ್ಕೂಟರಿನಲ್ಲಿ ಹೊಳೆಯ ದಂಡೆಗೆ ಹೋದೆ. ಅಪ್ಪ ರಸ್ತೆಯಲ್ಲೇ ನಿಂತರು. ಅವಳು ಹಂಡೆಯ ಕೆಳಗೆ ಸೌದೆ ಸರಿಸುತ್ತಿದ್ದಳು. ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಗುಜರಾತಿಯಲ್ಲಿ ಜೋಡಿಸಿಕೊಂಡಿದ್ದೆ. ಅವಳು ತಲೆಯೆತ್ತಿ ನೋಡಿ, ಗಿರಾಕಿಗಳ ಜೊತೆ ಮಾತಾಡುವ ಹಿಂದಿಯಲ್ಲಿ ಕೇಳಿದಳು.

"ಬೋಲಿಯೆ ಬೇಬಿ, ಕ್ಯಾ ಚಾಹಿಯೆ?"

ಅವಳು ನನ್ನ ಜೊತೆ ಹಿಂದಿ ಆಡಿದ್ದು ಅದೇ ಮೊದಲು. ಏನೂ ಬೇಡ ಅಂತ ನಾನೂ ಹಿಂದಿಯಲ್ಲೇ ಹೇಳಿ ವಾಪಸು ಬಂದೆ.

ಅವ್ವನ ಬದುಕು ಮಾತ್ರ ಅಲ್ಲಿಂದ ತಿರುಗಿತು. ಕಾಲೊನಿಯ ಹೆಂಗಸರು ಕಲಿಯಲು ಬಂದರು. ಮಡಕೆಯ ನಾತ ಯಾರಿಗೂ ಬೇಡವಾದ್ದರಿಂದ ಕಪ್ಪು ಮತ್ತೆ ಟ್ಯೂಬಿನಿಂದಲೇ ಬಂತು. ಬಾಲ್ಕನಿಯಲ್ಲಿ ಅಲ್ಲ, ನಡುಮನೆಯಲ್ಲಿ ಜಮಖಾನ ಹಾಸಿ ಕೂರಿಸಿದಳು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ. ಯಾರಾದರೂ ಎಲ್ಲಿ ಕಲಿತಿರಿ ಅಂತ ಕೇಳಿದರೆ ನಮ್ಮ ಕಡೆಯದೇ ಅನ್ನುತ್ತಿದ್ದಳು. ಎರಡು ವರ್ಷಕ್ಕೆ ಹಿಂದಿಯೂ ಬಂತು, ನಾಲ್ಕಕ್ಕೆ ಗುಜರಾತಿ. ಆಮೇಲೆ ಅಪ್ಪನಿಗೆ ಸೂರತ್ತಿಗೆ ವರ್ಗವಾಯಿತು.

ಈಗ ನಾನು ವಡೋದರಾದಲ್ಲಿದ್ದೇನೆ. ಹೋದ ವರ್ಷ ಕೆಲಸದ ಮೇಲೆ ಅಹಮದಾಬಾದಿಗೆ ಹೋದವಳು ಅರ್ಧ ದಿನ ಉಳಿದು ಸವಿತಾಬೆನ್‌ಳನ್ನು ಹುಡುಕಿದೆ. ಆ ದಂಡೆಯೇ ಇಲ್ಲ. ಎರಡೂ ಕಡೆ ಸಿಮೆಂಟಿನ ಗೋಡೆ, ನಡೆಯಲು ನುಣುಪಾದ ದಾರಿ. ನೀರು ತುಂಬಿ ನಿಂತಿದೆ, ಕೈ ತೊಳೆಯಲು ಇಳಿಯುವ ಜಾಗವಿಲ್ಲ. ಚಹಾ ಮಾರುತ್ತಿದ್ದ ಮುದುಕಿಯನ್ನು ಕೇಳಿದೆ. "ಅವರನ್ನೆಲ್ಲ ಊರಾಚೆಗೆ ಕಳಿಸಿದರು. ಸವಿತಾ ಹೋಗಿ ಬಹಳ ವರ್ಷವಾಯಿತು," ಅಂದಳು. ಹೋದದ್ದು ಊರು ಬಿಟ್ಟೋ, ಲೋಕ ಬಿಟ್ಟೋ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಅಲ್ಲಿಂದ ನೇರ ಸೂರತ್ತಿಗೆ ಹೋದೆ. ಅವ್ವ ಈಗ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಮೊರದಲ್ಲಿ ಅವರೆಯಂಥ ಪಾಪಡಿ ಕಾಯಿ ಇಟ್ಟುಕೊಂಡು ಕಾಳು ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಸೀರೆಗೆ ಹೇಳಿದ ಸುಳ್ಳು, ಕ್ಲಬ್ಬಿನ ಬಾಗಿಲಲ್ಲಿ ಸವಿತಾಬೆನ್ ನಿಜವಾಗಿ ಆಡಿದ ಮಾತು, ಎಲ್ಲವನ್ನೂ. ಅವ್ವನ ಕಣ್ಣಲ್ಲಿ ನೀರು ಬರಬಹುದು, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಬೈಯಬಹುದು ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಅವ್ವನ ಕೈ ನಿಲ್ಲಲಿಲ್ಲ.

"ನನಗ ಆವತ್ತೇ ತಿಳದಿತ್ತು," ಅಂದಳು. "ಮನಷ್ಯಾರ ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ? ಅದಕ್ಕ ಭಾಷಾ ಯಾಕ ಬೇಕು? ನೀ ಛಂದ ಮಾಡಿ ಹೇಳ್ತಿದ್ದಿ. ನನಗೂ ಅದೇ ಬೇಕಾಗಿತ್ತು."

ಒಂದು ಹುಳುಕು ಕಾಯಿ ಸಿಕ್ಕಿತು, ಪಕ್ಕಕ್ಕೆಸೆದಳು.

ಹನ್ನೊಂದನೆಯ ವರ್ಷದಲ್ಲಿ ನಾನು ಕಳೆದುಕೊಂಡದ್ದು ಸವಿತಾಬೆನ್ ಒಬ್ಬಳನ್ನೇ ಅಂತ ಇಷ್ಟು ದಿನ ಲೆಕ್ಕ ಹಿಡಿದಿದ್ದೆ. ಜೊತೆಗೆ ಒಂದು ಸಮಾಧಾನವೂ ಇತ್ತು: ಪಾಪ, ಅವ್ವನಿಗೆ ಏನೂ ಗೊತ್ತಾಗಲಿಲ್ಲ, ತಪ್ಪೆಲ್ಲ ನನ್ನದೇ ಅಂತ. ಏನೂ ಗೊತ್ತಿಲ್ಲದ ಆ ಅವ್ವನನ್ನು ನಾನು ಎಷ್ಟೋ ವರ್ಷ ಜೋಪಾನ ಮಾಡಿಕೊಂಡು ಬಂದಿದ್ದೆ. ಅವಳೂ ಇರಲಿಲ್ಲ.